ರಿಸ್ಟ್ ಹಿಂಜ್ ಕಲಿತದ್ದು: ಗ್ಲೌಸಿನ ತೂತಿನಿಂದ ಶುರುವಾದ ಪಾಠ

ನನ್ನ ಎಡಗೈಯ ಗಾಲ್ಫ್ ಗ್ಲೌಸ್ ಯಾವಾಗಲೂ ಒಂದೇ ಜಾಗದಲ್ಲಿ ಹರಿಯುತ್ತಿತ್ತು. ಕಿರುಬೆರಳಿನ ಕಡೆ, ಅಂಗೈಯ ಬುಡದಲ್ಲಿ, ಮಣಿಕಟ್ಟಿಗೆ ಎರಡು ಬೆರಳು ಮೇಲೆ. ಮೊದಲು ಅಲ್ಲಿ ಚರ್ಮ ಹೊಳಪಾಗುತ್ತಿತ್ತು, ಆಮೇಲೆ ತೆಳುವಾಗುತ್ತಿತ್ತು, ಕೊನೆಗೆ ತೂತು. ಜಾಸ್ತಿ ಅಭ್ಯಾಸ ಮಾಡಿದರೆ ಗ್ಲೌಸ್ ಸವೆಯುವುದು ಸಹಜ ಅಂದುಕೊಂಡು ಹೊಸದು ಹಾಕಿಕೊಳ್ಳುತ್ತಿದ್ದೆ.

ಸ್ವಿಂಗ್, ಅಂದರೆ ಕ್ಲಬ್ (ಗಾಲ್ಫ್ ಕೋಲು) ಬೀಸುವ ರೀತಿ, ಸರಿಮಾಡಿಕೊಳ್ಳೋಣ ಅಂತ ಒಬ್ಬ ಕೋಚ್ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದೇ ಗ್ಲೌಸ್. ಒಂದು ಶಾಟ್ ಕೂಡ ಹೊಡೆಸಲಿಲ್ಲ. ಗ್ಲೌಸ್ ತಿರುಗಿಸಿ, ತೂತಿನ ಮೇಲೆ ಬೆರಳಿಟ್ಟು, "ಕ್ಲಬ್ ಇಲ್ಲಿ ಕೂತಿದೆ. ಇಲ್ಲಿ ಕೂತರೆ ಮಣಿಕಟ್ಟು ಮಡಚೋದು ಹೇಗೆ?" ಅಂದರು. ಎರಡು ವರ್ಷದಿಂದ ನಾನು ರಿಸ್ಟ್ ಹಿಂಜ್, ಅಂದರೆ ಕ್ಲಬ್ ಹಿಂದಕ್ಕೆ ಎತ್ತುವಾಗ ಮಣಿಕಟ್ಟು ಮಡಚುವುದು, ಇದರ ಹಿಂದೆ ಬಿದ್ದಿದ್ದೆ. ತೊಂದರೆ ಇದ್ದದ್ದು ಬೆರಳುಗಳಲ್ಲಿ.

ಆ ಎರಡು ವರ್ಷ ಹೇಗಿತ್ತು ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ತುಂಬಾ ಜನ ಇದೇ ದಾರಿಯಲ್ಲಿರುತ್ತಾರೆ. 7 ಐರನ್ ಅನ್ನುವ ಕ್ಲಬ್ಬಿನಲ್ಲಿ ಹೊಡೆದ ಚೆಂಡು 9 ಐರನ್ನಿಗಿಂತ ದೂರ ಹೋಗಬೇಕು, ನನ್ನವು ಎರಡೂ ಹೆಚ್ಚುಕಡಿಮೆ ಒಂದೇ ದೂರ ಹೋಗುತ್ತಿದ್ದವು. ಚೆಂಡು ಮೇಲಕ್ಕೇರಿ, ಬಲಕ್ಕೆ ವಾಲಿ, ಸುಸ್ತಾದ ಹಾಗೆ ಬೀಳುತ್ತಿತ್ತು. ಫೋನಿನಲ್ಲಿ ವಿಡಿಯೋ ಮಾಡಿ ನೋಡಿದರೆ, ಎಡಗೈಯೂ ಕ್ಲಬ್ಬೂ ಸೇರಿ ಒಂದೇ ಉದ್ದನೆಯ ಕೋಲಿನ ಹಾಗೆ ಹಿಂದಕ್ಕೆ ಹೋಗುತ್ತಿದ್ದವು. ಅಷ್ಟು ಉದ್ದದ ಕೋಲನ್ನು ಮೇಲಕ್ಕೆ ಎತ್ತಬೇಕಲ್ಲ, ಹಾಗಾಗಿ ಎಡ ಮೊಣಕೈ ಮಡಚಿಕೊಳ್ಳುತ್ತಿತ್ತು. ಮಣಿಕಟ್ಟು ಮಾಡದ ಕೆಲಸವನ್ನು ಮೊಣಕೈ ಮಾಡುತ್ತಿತ್ತು. ನೋಡಿದವರೆಲ್ಲ "ಮಣಿಕಟ್ಟು ಬಾಗಿಸು" ಅಂದರು. ಯಾವ ಕಡೆಗೆ ಬಾಗಿಸಬೇಕು, ಯಾವಾಗ ಬಾಗಿಸಬೇಕು ಅಂತ ಯಾರೂ ಹೇಳಲಿಲ್ಲ.

ನಾನು ಬಲಗೈ ಆಟಗಾರ. ಇಲ್ಲಿ ಎಡ, ಬಲ ಅಂದದ್ದೆಲ್ಲ ಆ ಲೆಕ್ಕದಲ್ಲಿ. ಎಡಗೈ ಆಟಗಾರರು ತಿರುಗಿಸಿಕೊಂಡು ಓದಿ.

ಗ್ರಿಪ್ಪಿನ, ಅಂದರೆ ಹಿಡಿತದ, ವಿಷಯ ಕಣ್ಣಿಗೆ ಕಾಣುವುದಕ್ಕಿಂತ ಕೈಗೆ ಬೇಗ ಗೊತ್ತಾಗುತ್ತದೆ. ಎಡಗೈಯಲ್ಲಿ ಕ್ಲಬ್ಬನ್ನು ಮುಷ್ಟಿ ಕಟ್ಟಿದ ಹಾಗೆ ಅಂಗೈಯ ನಡುವೆ ಇಟ್ಟು ಬಿಗಿಯಾಗಿ ಹಿಡಿಯಿರಿ. ಕೈ ಸೊಂಟದ ಮುಂದೆ ಇರಲಿ, ಮೊಣಕೈ ಅಲುಗದಿರಲಿ. ಈಗ ಕ್ಲಬ್‌ಹೆಡ್ಡನ್ನು (ಚೆಂಡಿಗೆ ತಾಗುವ ತುದಿಯನ್ನು) ಹೆಬ್ಬೆರಳಿನ ಕಡೆಯಿಂದ ಮೇಲಕ್ಕೆ ಎತ್ತಿ. ಸ್ವಲ್ಪ ಎತ್ತುವಷ್ಟರಲ್ಲಿ ಏನೋ ಅಡ್ಡ ಸಿಕ್ಕ ಹಾಗೆ ನಿಂತುಬಿಡುತ್ತದೆ. ಇನ್ನು ಕ್ಲಬ್ಬನ್ನು ಬೆರಳುಗಳ ಕಡೆಗೆ ಇಳಿಸಿ. ಕಿರುಬೆರಳಿನ ಬುಡದಿಂದ ತೋರುಬೆರಳಿನ ನಡುಗೆಣ್ಣಿನ ತನಕ ಓರೆಯಾಗಿ ಹಾಯಬೇಕು. ಅಂಗೈಯ ಬುಡದ ಮೆತ್ತನೆಯ ಭಾಗ ಗ್ರಿಪ್ಪಿನ (ಕ್ಲಬ್ಬಿನ ಹಿಡಿಗೂ ಇದೇ ಹೆಸರು) ಪಕ್ಕದಲ್ಲಲ್ಲ, ಮೇಲೆ ಕೂರಬೇಕು. ಈಗ ಎತ್ತಿ ನೋಡಿ. ಕ್ಲಬ್ ಸರಾಗವಾಗಿ ಮೇಲೇಳುತ್ತದೆ, ಅಲ್ವಾ?

ನನಗೆ ಆ ಗಳಿಗೆ ಈಗಲೂ ನೆನಪಿದೆ. ಅದೇ ಮಣಿಕಟ್ಟು, ಅದೇ ಕ್ಲಬ್. ಜಾಗ ಬದಲಾದದ್ದು ಒಂದು ಬೆರಳಿನ ಅಗಲದಷ್ಟು ಮಾತ್ರ.

ಕೋಚ್ ಇನ್ನೊಂದು ಪರೀಕ್ಷೆ ಮಾಡಿಸಿದರು. ಎಡಗೈಯ ತೋರುಬೆರಳನ್ನು ಕೊಕ್ಕೆಯ ಹಾಗೆ ಗ್ರಿಪ್ಪಿನ ಕೆಳಗೆ ಹಾಕಿ, ಅಂಗೈಯ ಬುಡವನ್ನು ಮೇಲೆ ಒತ್ತಿ, ಉಳಿದ ಬೆರಳುಗಳನ್ನೆಲ್ಲ ಬಿಚ್ಚಿ ಕ್ಲಬ್ ಎತ್ತಬೇಕು. ಬೀಳದೆ ನಿಂತರೆ ಗ್ರಿಪ್ ಸರಿಯಾದ ಜಾಗದಲ್ಲಿದೆ ಅಂತ ಲೆಕ್ಕ. ನನ್ನ ಹಳೆಯ ಹಿಡಿತದಲ್ಲಿ ಕ್ಲಬ್ ಜಾರಿ ನೆಲಕ್ಕೆ ಬಿತ್ತು. ಗ್ಲೌಸ್ ಅಲ್ಲೇ ಹರಿಯುತ್ತಿದ್ದ ಕಾರಣವೂ ಇದೇ. ಸರಿಯಾಗಿ ಕೂರದ ಕ್ಲಬ್ ಪ್ರತಿ ಸ್ವಿಂಗಿಗೂ ಅಂಗೈಯ ಬುಡದಲ್ಲಿ ಉಜ್ಜುತ್ತದೆ.

ಗ್ರಿಪ್ ದಪ್ಪ ಜಾಸ್ತಿ ಇದ್ದರೂ ಹಿಂಜ್ ಕಷ್ಟ. ಎಡಗೈಯ ನಡುಬೆರಳು ಮತ್ತು ಉಂಗುರದ ಬೆರಳಿನ ತುದಿ ಹೆಬ್ಬೆರಳಿನ ಬುಡದ ಉಬ್ಬನ್ನು ಮೆಲ್ಲಗೆ ಮುಟ್ಟುವಷ್ಟಿದ್ದರೆ ಸಾಕು. ಹಿಡಿಯುವ ಬಲವೆಲ್ಲ ಎಡಗೈಯ ಕೊನೆಯ ಮೂರು ಬೆರಳಿನಲ್ಲಿರಲಿ. ಹೆಬ್ಬೆರಳು, ತೋರುಬೆರಳು ಬಿಗಿದರೆ ಮುಂಗೈಯ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಆಮೇಲೆ ಮಣಿಕಟ್ಟು ಏನು ಮಾಡಿದರೂ ಮಾತು ಕೇಳುವುದಿಲ್ಲ.

ಹೊಸ ಗ್ರಿಪ್ ಮೊದಮೊದಲು ಬಹಳ ವಿಚಿತ್ರ ಅನಿಸಿತು. ಕ್ಲಬ್ ಕೈಯಿಂದ ಹಾರಿಹೋಗುತ್ತದೇನೋ ಅನ್ನುವ ಭಯ. ಸುಮಾರು ಮೂರು ವಾರ ಚೆಂಡು ಮೊದಲಿಗಿಂತ ಕೆಟ್ಟದಾಗಿ ಹೋಯಿತು. ಆ ಮೂರು ವಾರ ಹಳೆಯ ಹಿಡಿತಕ್ಕೆ ವಾಪಸ್ ಹೋಗದೆ ಇದ್ದದ್ದೇ ನಾನು ಮಾಡಿದ ದೊಡ್ಡ ಕೆಲಸ ಅಂತ ಈಗ ಅನಿಸುತ್ತದೆ. ಚೆಂಡು ಹೊಡೆಯದ ಹೊತ್ತಿನಲ್ಲೂ ಒಂದು ಕ್ಲಬ್ ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿದ್ದೆ. ನೋಡದೆ ಹಿಡಿದರೂ ಅದೇ ಜಾಗಕ್ಕೆ ಕೂರುವ ತನಕ.

ಇನ್ನು ದಿಕ್ಕು. ನನ್ನ ಮಟ್ಟಿಗೆ ತಿಳಿಯಲು ಜಾಸ್ತಿ ಹೊತ್ತು ಹಿಡಿದದ್ದು ಇದೇ.

ಮಣಿಕಟ್ಟು ಬಾಗಿಲ ಕೀಲಿನ ಹಾಗಲ್ಲ. ಕೀಲು ಒಂದೇ ದಾರಿಯಲ್ಲಿ ತಿರುಗುತ್ತದೆ. ಮಣಿಕಟ್ಟು ಹೆಬ್ಬೆರಳಿನ ಕಡೆಗೂ ಕಿರುಬೆರಳಿನ ಕಡೆಗೂ ಬಾಗುತ್ತದೆ. ಅದಲ್ಲದೆ ಅಂಗೈಯ ಕಡೆಗೂ, ಕೈಯ ಹಿಂಬದಿಗೂ ಬಾಗುತ್ತದೆ. ಇದರ ಮೇಲೆ ಮುಂಗೈ ಬೇರೆ ಹೊರಳುತ್ತದೆ. ಗಾಲ್ಫಿನಲ್ಲಿ ಎಡ ಮಣಿಕಟ್ಟಿನ ಹಿಂಜ್ ಅಂದರೆ ಮುಖ್ಯವಾಗಿ ಹೆಬ್ಬೆರಳಿನ ಕಡೆಗೆ ಆಗುವ ಮಡಿಕೆ. ಸುತ್ತಿಗೆ ಹಿಡಿದು ಮೊಳೆ ಹೊಡೆಯುವಾಗ ಸುತ್ತಿಗೆಯನ್ನು ಹೇಗೆ ಎತ್ತುತ್ತೇವೆ ನೋಡಿ, ಅದೇ ಚಲನೆ.

ನಾನು ಮಾಡುತ್ತಿದ್ದದ್ದು ಬೇರೆ. "ಬಾಗಿಸು" ಅಂದಾಗಲೆಲ್ಲ ಎಡ ಮಣಿಕಟ್ಟನ್ನು ಕೈಯ ಹಿಂಬದಿಗೆ ಬಾಗಿಸುತ್ತಿದ್ದೆ. ಹಾಗೆ ಬಾಗಿಸಿದರೆ ಕ್ಲಬ್‌ಫೇಸ್, ಅಂದರೆ ಚೆಂಡಿಗೆ ತಾಗುವ ಮುಖ, ಬಲಕ್ಕೆ ತೆರೆದುಕೊಳ್ಳುತ್ತದೆ, ಚೆಂಡು ಬಲಕ್ಕೆ ಓಡುತ್ತದೆ. ಅಂದರೆ ಹಿಂಜ್ ಮಾಡಿದಷ್ಟೂ ಸ್ಲೈಸ್ (ಹೀಗೆ ಚೆಂಡು ಬಲಕ್ಕೆ ತಿರುಗುವುದು) ಜಾಸ್ತಿ ಆಗುತ್ತಿತ್ತು. ಹಿಂಜೇ ಬೇಡ ಅಂತ ಒಂದಷ್ಟು ತಿಂಗಳು ಕೈ ಬಿಟ್ಟದ್ದೂ ಇದೇ ಕಾರಣಕ್ಕೆ.

ಇಲ್ಲೊಂದು ಮಾತು ಹೇಳಲೇಬೇಕು. ಹೆಬ್ಬೆರಳಿನ ಕಡೆಗೆ ಮಣಿಕಟ್ಟು ಬಾಗುವುದು ಸುಮಾರು 20 ಡಿಗ್ರಿ ಅಷ್ಟೇ. ಕಿರುಬೆರಳಿನ ಕಡೆಗೆ ಸುಮಾರು 30. ಹಾಗಿದ್ದರೆ ಒಳ್ಳೆಯ ಆಟಗಾರರ ಕೈಗೂ ಶಾಫ್ಟಿಗೂ (ಕ್ಲಬ್ಬಿನ ಉದ್ದ ಕೋಲಿಗೂ) ನಡುವೆ 90 ಡಿಗ್ರಿ ಎಲ್ಲಿಂದ ಬರುತ್ತದೆ? ಚೆಂಡಿನ ಮುಂದೆ ನಿಂತಾಗಲೇ ತೋಳು ಮತ್ತು ಕ್ಲಬ್ ನೇರ ಗೆರೆಯಲ್ಲಿರುವುದಿಲ್ಲ. ಬೆರಳಿನಲ್ಲಿ ಓರೆಯಾಗಿ ಹಿಡಿದ ಕ್ಲಬ್ ಮುಂಗೈಯ ಜೊತೆ ಆಗಲೇ ಒಂದು ಕೋನ ಮಾಡಿರುತ್ತದೆ. ಮಣಿಕಟ್ಟು ಆಗ ಕಿರುಬೆರಳಿನ ಕಡೆಗೆ ಸ್ವಲ್ಪ ಇಳಿದಿರುತ್ತದೆ. ಅಲ್ಲಿಂದ ಹೆಬ್ಬೆರಳಿನ ಕಡೆಗೆ ಪೂರ್ತಿ ಬಂದರೆ ಉಳಿದ ಕೋನವೂ ಸಿಕ್ಕುತ್ತದೆ. ಅಂಗೈಯಲ್ಲಿ ಹಿಡಿದರೆ ಮೊದಲಿನ ಕೋನವೇ ಇರುವುದಿಲ್ಲ, ಹಾಗಾಗಿ ಎಷ್ಟು ಒದ್ದಾಡಿದರೂ 90 ಬರುವುದಿಲ್ಲ. ಇದು ಅರ್ಥವಾದ ಮೇಲೆ ಮಣಿಕಟ್ಟಿಗೆ ಒತ್ತಾಯ ಮಾಡುವುದನ್ನು ಬಿಟ್ಟೆ.

ದಿಕ್ಕು ಸರಿಮಾಡಲು ಕೋಚ್ ಕೊಟ್ಟದ್ದು ಒಂದು ಸ್ಕೇಲ್. ಎಡಗೈ ಗ್ಲೌಸಿನ ಹಿಂಬದಿಯಲ್ಲಿ ಸ್ಕೇಲಿನ ಅರ್ಧ ಒಳಗೆ ತೂರಿಸಿ, ಉಳಿದ ಅರ್ಧ ಮುಂಗೈ ಮೇಲೆ ಬರುವ ಹಾಗೆ ಇಟ್ಟರು. ಮಣಿಕಟ್ಟು ಹಿಂಬದಿಗೆ ಬಾಗಿದರೆ ಸ್ಕೇಲ್ ಮುಂಗೈಗೆ ಚುಚ್ಚುತ್ತದೆ. ಅಂಗೈ ಕಡೆಗೆ ಬಾಗಿದರೆ ಮುಂಗೈಯಿಂದ ಮೇಲೇಳುತ್ತದೆ. ಚೆಂಡಿನ ಮುಂದೆ ನಿಂತಾಗಲೇ ಸ್ವಲ್ಪ ಒತ್ತುತ್ತಿರುತ್ತದೆ, ಅದು ಗ್ರಿಪ್ಪಿನ ಸ್ವಭಾವ. ಅದಕ್ಕಿಂತ ಜಾಸ್ತಿ ಒತ್ತಬಾರದು, ಅಷ್ಟೇ ನಿಯಮ. ಮೊದಲ ದಿನ ಹತ್ತು ಸ್ವಿಂಗಿನಲ್ಲಿ ಹತ್ತು ಸಲವೂ ಚುಚ್ಚಿತು. ಮುಂಗೈ ಮೇಲೆ ಸಣ್ಣ ಕೆಂಪು ಗೆರೆಯೇ ಮೂಡಿತ್ತು. ಆದರೆ ಬಾಯಲ್ಲಿ ಹೇಳಿ ಕಲಿಸಲಾಗದ್ದನ್ನು ಆ ಗೆರೆ ಕಲಿಸಿತು. ಎರಡನೆಯ ವಾರದ ಹೊತ್ತಿಗೆ ಚುಚ್ಚುವುದು ನಿಂತಿತು, ಸ್ಲೈಸ್ ಅರ್ಧಕ್ಕರ್ಧ ಕಡಿಮೆಯಾಯಿತು.

ಬಲ ಮಣಿಕಟ್ಟಿನ ಕತೆ ಬೇರೆ. ಅದು ಹಿಂಬದಿಗೆ ಬಾಗಬೇಕು, ತಟ್ಟೆಯನ್ನು ಅಂಗೈಯಲ್ಲಿ ಹೊತ್ತ ಹಾಗೆ. ಎಡದ್ದು ಹೆಬ್ಬೆರಳಿನ ಕಡೆ, ಬಲದ್ದು ಹಿಂದಕ್ಕೆ. ಎರಡೂ ಒಟ್ಟಿಗೆ ಆದಾಗ ಕ್ಲಬ್ ತಾನಾಗಿ ಸರಿಯಾದ ದಾರಿಗೆ ಬರುತ್ತದೆ.

ಕ್ಲಬ್ ಪೂರ್ತಿ ಮೇಲೆ ಹೋದಾಗ ಎಡ ಮಣಿಕಟ್ಟು ಚಪ್ಪಟೆ ಇರಲೇಬೇಕಾ ಅಂದರೆ, ಇಲ್ಲ. ಹಿಂದಿನ ತಲೆಮಾರಿನ ಹೆಸರಾಂತ ಆಟಗಾರ ಬೆನ್ ಹೋಗನ್ ಅವರದು ಹಿಂಬದಿಗೆ ಬಾಗಿರುತ್ತಿತ್ತು. ಅವರನ್ನು ಕಾಡುತ್ತಿದ್ದದ್ದು ಎಡಕ್ಕೆ ತಿರುಗುವ ಹುಕ್, ಹಾಗಾಗಿ ಫೇಸ್ ತೆರೆಯುವುದು ಅವರಿಗೆ ಬೇಕಿತ್ತು. 2016ರಲ್ಲಿ ಯುಎಸ್ ಓಪನ್, 2020ರಲ್ಲಿ ಮಾಸ್ಟರ್ಸ್ ಗೆದ್ದ ಡಸ್ಟಿನ್ ಜಾನ್ಸನ್ ಅವರದು ಪೂರ್ತಿ ಎದುರು ದಿಕ್ಕು, ಅಂಗೈ ಕಡೆಗೆ ಚೆನ್ನಾಗಿ ಬಾಗಿರುತ್ತದೆ. ಅವರವರ ಗ್ರಿಪ್ಪಿಗೆ, ಅವರವರ ಚೆಂಡಿನ ದಾರಿಗೆ ತಕ್ಕಂತೆ. ಸ್ಲೈಸ್ ಇರುವ ನನ್ನಂಥವರು ಹೋಗನ್ ಚಿತ್ರ ನೋಡಿ ನಕಲು ಮಾಡಿದರೆ ತೊಂದರೆ ಜಾಸ್ತಿಯಾಗುತ್ತದೆ. ನಾನು ಮಾಡಿ ನೋಡಿದ್ದೇನೆ.

ಯಾವಾಗ ಮಡಚಬೇಕು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಚಾಂಪಿಯನ್ ಆಟಗಾರ ಜ್ಯಾಕ್ ನಿಕ್ಲಾಸ್ ತೋಳು, ಭುಜ, ಕ್ಲಬ್ ಎಲ್ಲವನ್ನೂ ಒಟ್ಟಿಗೆ ಹಿಂದಕ್ಕೆ ಒಯ್ದು ತಡವಾಗಿ ಮಡಚುತ್ತಿದ್ದರು. ಇನ್ನೊಬ್ಬ ಚಾಂಪಿಯನ್ ನಿಕ್ ಫಾಲ್ಡೋ ಹೆಸರಿನ ಜೊತೆ ಸೇರಿಕೊಂಡಿರುವ ಅಭ್ಯಾಸ ಇದಕ್ಕೆ ಪೂರ್ತಿ ಬೇರೆ: ಮೊದಲು ಮಣಿಕಟ್ಟು ಮಡಚಿಟ್ಟುಕೊಂಡು, ಆಮೇಲೆ ಭುಜ ತಿರುಗಿಸುವುದು. ನನಗೆ ಸಹಾಯವಾದದ್ದು ಫಾಲ್ಡೋ ದಾರಿ. ಚೆಂಡಿನ ಮುಂದೆ ನಿಲ್ಲುತ್ತಿದ್ದೆ. ಭುಜ ಅಲುಗಿಸದೆ ಬರೀ ಕೈಯಿಂದ ಕ್ಲಬ್ಬನ್ನು ಬಲಗಡೆಗೆ ಎತ್ತಿ ಶಾಫ್ಟ್ ನೆಲಕ್ಕೆ ಸಮಾನಾಂತರ ಬಂದಾಗ ನಿಲ್ಲಿಸುತ್ತಿದ್ದೆ. ಒಂದು ಉಸಿರು. ಆಮೇಲೆ ಭುಜ ತಿರುಗಿಸಿ ಹೊಡೆಯುತ್ತಿದ್ದೆ. ಹೊಡೆತದಲ್ಲಿ ಬಲ ಇರುವುದಿಲ್ಲ, ಆದರೆ ಮಡಚಿದ ಮಣಿಕಟ್ಟು ಹೇಗಿರುತ್ತದೆ ಅನ್ನುವುದು ಮೈಗೆ ಹತ್ತುತ್ತದೆ.

ಮಾಮೂಲಿ ಸ್ವಿಂಗಿನಲ್ಲಿ ನಾನು ಇಟ್ಟುಕೊಂಡ ಗುರುತು: ಎಡತೋಳು ನೆಲಕ್ಕೆ ಸಮಾನಾಂತರ ಬಂದಾಗ ತೋಳು ಮತ್ತು ಶಾಫ್ಟ್ ಸೇರಿ ಇಂಗ್ಲಿಷಿನ ಎಲ್ ಅಕ್ಷರ ಆಗಿರಬೇಕು. ಗ್ರಿಪ್ಪಿನ ತುದಿಯ ಸಣ್ಣ ತೂತಿಗೆ ಒಂದು ಟೀ (ಚೆಂಡು ಇಡುವ ಸಣ್ಣ ಗೂಟ) ಸಿಕ್ಕಿಸಿದರೆ ಇದನ್ನು ನೋಡುವುದು ಸುಲಭ. ಆ ಹಂತದಲ್ಲಿ ಟೀ ಚೆಂಡಿನ ಕಡೆಗೋ, ಚೆಂಡಿಗೂ ಪಾದಕ್ಕೂ ನಡುವೆಯೋ ತೋರಿಸುತ್ತಿದ್ದರೆ ಸರಿ. ದೂರದ ಪೊದೆಯ ಕಡೆ ತೋರಿಸುತ್ತಿದ್ದರೆ ಮಣಿಕಟ್ಟು ಇನ್ನೂ ಮಡಚಿಲ್ಲ, ಅಥವಾ ಮುಂಗೈ ಹೊರಳಿ ಕ್ಲಬ್ ಬೆನ್ನ ಹಿಂದೆ ಹೋಗಿದೆ.

ಮೇಲೆ ಹೋಗುವುದು ಸರಿಯಾಯಿತು. ಕೆಳಗೆ ಬರುವಾಗ ಹೊಸ ತಪ್ಪು ಶುರುವಾಯಿತು, ಅದಕ್ಕೆ ಕಾರಣ ನನ್ನ ಅವಸರ. ಒಳ್ಳೆಯ ಆಟಗಾರರು ಕೋನವನ್ನು ಕೊನೆಯ ತನಕ ಉಳಿಸಿಕೊಳ್ಳುತ್ತಾರೆ ಅಂತ ನೋಡಿದ್ದೆ. ಹಾಗಾಗಿ ನಾನೂ ಅದನ್ನು ಬಿಗಿಯಾಗಿ ಹಿಡಿದಿಡಲು ಹೋದೆ. ಚೆಂಡು ಬಲಕ್ಕೆ ನೇರವಾಗಿ ಹೋಯಿತು, ಇಲ್ಲದಿದ್ದರೆ ಕ್ಲಬ್ ಅದರ ತಲೆ ಸವರಿಕೊಂಡು ಹೋಯಿತು. ಎರಡು ವಾರದಲ್ಲಿ ಎಡ ಮಣಿಕಟ್ಟಿನ ಹೆಬ್ಬೆರಳಿನ ಕಡೆ ನೋವು ಬಂತು. ಹತ್ತು ದಿನ ಕ್ಲಬ್ ಮುಟ್ಟಲಿಲ್ಲ.

ಆ ಹತ್ತು ದಿನದಲ್ಲಿ ಓದಿ ತಿಳಿದದ್ದು ನನ್ನ ಯೋಚನೆಯನ್ನೇ ಬದಲಾಯಿಸಿತು. ಸ್ವಿಂಗ್ ಅಂದರೆ ಒಂದಕ್ಕೊಂದು ಜೋಡಿಸಿದ ಎರಡು ಲೋಲಕ. ತೋಳು ಒಂದು, ಕ್ಲಬ್ ಇನ್ನೊಂದು. ನಡುವಿನ ಕೀಲು ಮಣಿಕಟ್ಟು. ಮೇಲಿನ ಲೋಲಕ ತಿರುಗುತ್ತಾ ಬಂದ ಹಾಗೆ ಕೆಳಗಿನದು ತಾನಾಗಿ ಹೊರಕ್ಕೆ ಬಿಚ್ಚಿಕೊಳ್ಳುತ್ತದೆ. ಡೌನ್‌ಸ್ವಿಂಗ್ ಇಡೀ ಮುಗಿಯುವುದು ಸುಮಾರು ಕಾಲು ಸೆಕೆಂಡಿನಲ್ಲಿ. ಕ್ಲಬ್ ಚೆಂಡಿಗೆ ತಾಗಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು. ಈಗ ಹಿಡಿ, ಈಗ ಬಿಡು ಅಂತ ಯೋಚಿಸಿ ಮಾಡಲು ಅಲ್ಲಿ ಸಮಯವೇ ಇಲ್ಲ. ಮಣಿಕಟ್ಟು ಸಡಿಲವಾಗಿದ್ದು, ಕೆಳಗಿಳಿಯುವುದು ಸೊಂಟದಿಂದ ಶುರುವಾದರೆ ಕೋನ ತಾನೇ ಉಳಿಯುತ್ತದೆ, ತಾನೇ ಬಿಚ್ಚಿಕೊಳ್ಳುತ್ತದೆ. ಮೇಲಿನಿಂದಲೇ ಕೈ ಬೀಸಿ ಹೊಡೆಯಲು ಹೋದರೆ ಗಾಳ ಎಸೆದ ಹಾಗೆ ಕೋನ ಮೊದಲೇ ಖರ್ಚಾಗುತ್ತದೆ.

ನೋವು ಹೋದ ಮೇಲೆ ಅರ್ಧ ಸ್ವಿಂಗಿನಿಂದ ಮತ್ತೆ ಶುರುಮಾಡಿದೆ. ಹಿಂದೆ ಒಂದು ಎಲ್, ಮುಂದೆ ಒಂದು ಎಲ್. 9 ಐರನ್ ಮಾತ್ರ. ಚೆಂಡಿಗೆ ಒಂದು ಗೇಣು ಹಿಂದೆ ಟವೆಲ್ ಮಡಚಿ ಇಟ್ಟೆ. ಮಣಿಕಟ್ಟು ಬೇಗ ಬಿಚ್ಚಿದರೆ ಕ್ಲಬ್ ಟವೆಲ್ಲಿಗೆ ತಗಲುತ್ತದೆ. ತಗಲದಿದ್ದರೆ ಮೊದಲು ಚೆಂಡು, ಆಮೇಲೆ ಹುಲ್ಲು. ಮೊದಲ ಸಲ ಡಿವಟ್ (ಕ್ಲಬ್ ಹುಲ್ಲು ಕಿತ್ತ ಗುರುತು) ಚೆಂಡಿದ್ದ ಜಾಗದಿಂದ ಮುಂದೆ ಬಿದ್ದಾಗ ನಾನು ಚೆಂಡು ಎಲ್ಲಿ ಹೋಯಿತು ಅಂತ ನೋಡಲೇ ಇಲ್ಲ. ನೆಲ ನೋಡುತ್ತಾ ನಿಂತಿದ್ದೆ. ಶಬ್ದವೇ ಬೇರೆ ಇತ್ತು. ಅಷ್ಟು ದಿನ ಕೇಳಿದ್ದ ಡಬ್ ಅನ್ನುವ ಸದ್ದಲ್ಲ, ಗಟ್ಟಿಯಾಗಿ ಟಕ್ ಅಂತ.

ಚಿಪ್ಪಿಂಗಿನಲ್ಲಿ (ಹತ್ತಿರದ ಸಣ್ಣ ಹೊಡೆತದಲ್ಲಿ) ಇಷ್ಟು ಹಿಂಜ್ ಬೇಡ, ಪಟ್ಟಿಂಗಿನಲ್ಲಿ (ಚೆಂಡನ್ನು ಕುಳಿಗೆ ಉರುಳಿಸುವಾಗ) ಬೇಡವೇ ಬೇಡ. ಬಂಕರಿನಲ್ಲಿ (ಮರಳಿನ ಗುಂಡಿಯಲ್ಲಿ) ಮಾತ್ರ ಬೇಗ ಮಡಚಿದರೆ ಒಳ್ಳೆಯದು, ಕ್ಲಬ್ ಕಡಿದಾಗಿ ಮರಳಿಗೆ ಇಳಿಯುತ್ತದೆ.

ಗ್ರಿಪ್ ಬದಲಿಸಿದ ದಿನದಿಂದ ಸುಮಾರು ಐದು ತಿಂಗಳಿಗೆ 7 ಐರನ್ ಮತ್ತು 9 ಐರನ್ ನಡುವೆ 20 ಗಜಕ್ಕಿಂತ ಜಾಸ್ತಿ ಅಂತರ ಬಂತು. ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್) ಇನ್ನೂ ಹತೋಟಿಗೆ ಬಂದಿಲ್ಲ. ಶಾಫ್ಟ್ ಉದ್ದವಾದ್ದರಿಂದ ಮಡಚುವುದು ತಡವಾಗುತ್ತದೆ, ತಡವಾದದ್ದನ್ನು ಸರಿದೂಗಿಸಲು ಮೇಲ್ಗಡೆ ಎಡ ಮೊಣಕೈ ಮತ್ತೆ ಮಡಚಿಕೊಳ್ಳುತ್ತದೆ. ಈಗ ವಾರಕ್ಕೆ ಎರಡು ದಿನ ಡ್ರೈವರಿನಲ್ಲೇ ಫಾಲ್ಡೋ ಅಭ್ಯಾಸ ಮಾಡುತ್ತಿದ್ದೇನೆ, ಅರ್ಧ ವೇಗದಲ್ಲಿ, ಸ್ಕೇಲ್ ಗ್ಲೌಸಿನಲ್ಲಿ ಇಟ್ಟುಕೊಂಡೇ.