ಕಾರಿನ ಖರ್ಚನ್ನು ಲೀಟರ್‌ನಲ್ಲಿ ಬರೆದು ನೋಡಿ

ಪೆಟ್ರೋಲ್ ದರ ಏರಿದ ದಿನ ಎಲ್ಲರ ಬಾಯಲ್ಲೂ ಅದೇ ಮಾತು. ಕಾರು ಇಟ್ಟುಕೊಂಡವರನ್ನು ಕೇಳಿ, ಲೀಟರ್ ದರವನ್ನು ಪೈಸೆ ಬಿಡದೆ ಹೇಳುತ್ತಾರೆ. ‘ನಿಮ್ಮ ಕಾರು ಒಂದು ಕಿಲೋಮೀಟರ್ ಓಡಿದರೆ ಒಟ್ಟು ಎಷ್ಟು ಬೀಳುತ್ತದೆ?’ ಎಂದು ಕೇಳಿ, ಸುಮ್ಮನಾಗುತ್ತಾರೆ. 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಜರ್ಮನಿಯ ಕಾರು ಮಾಲೀಕರ ಬಗ್ಗೆ ಒಂದು ಅಧ್ಯಯನ ಬಂದಿತ್ತು. ಇಂಧನದ ಖರ್ಚನ್ನು ಅವರು ಹೆಚ್ಚುಕಡಿಮೆ ಸರಿಯಾಗಿಯೇ ಅಂದಾಜು ಮಾಡಿದ್ದರು. ಒಟ್ಟು ಖರ್ಚು ಎಷ್ಟು ಎಂದಾಗ ಮಾತ್ರ, ನಿಜವಾದದ್ದರ ಸುಮಾರು ಅರ್ಧವನ್ನಷ್ಟೇ ಹೇಳಿದ್ದರು.

ನನ್ನ ಕೆಲಸ ಲೆಕ್ಕ ಬರೆಯುವುದು. ಹಾಗಾಗಿ ಕಾರು ಕೊಳ್ಳುವಾಗ, ಮಾರುವಾಗ ನೆಂಟರು, ಸ್ನೇಹಿತರು ನನ್ನ ಹತ್ತಿರ ಬಂದು ಕೂರುತ್ತಾರೆ. ಅವರಿಗೆಲ್ಲ ನಾನು ಮಾಡಿಸುವುದು ಒಂದೇ ಲೆಕ್ಕ: ಪ್ರತಿಯೊಂದು ಖರ್ಚನ್ನೂ ಲೀಟರ್‌ಗೆ ಇಳಿಸುವುದು. ಇನ್ಶೂರೆನ್ಸ್ ಕಟ್ಟಿದ ಹಣಕ್ಕೆ ಇವತ್ತಿನ ದರದಲ್ಲಿ ಎಷ್ಟು ಲೀಟರ್ ಪೆಟ್ರೋಲ್ ಬರುತ್ತಿತ್ತು? ಟೈರಿನ ಹಣಕ್ಕೆ? ಹಣದ ಅಂಕಿಗಳು ಕಣ್ಣ ಮುಂದೆ ಬಂದು ಹೋಗುತ್ತವೆ, ನೆನಪಲ್ಲಿ ಉಳಿಯುವುದಿಲ್ಲ. ಲೀಟರ್ ಹಾಗಲ್ಲ. ನೂರು ಲೀಟರ್ ಅಂದರೆ ಎಷ್ಟು ಸಲ ಬಂಕಿಗೆ ಹೋಗಬೇಕು ಎಂದು ಕಾರು ಓಡಿಸುವ ಯಾರಿಗಾದರೂ ಗೊತ್ತು.

ಮೊದಲು ಮೈಲೇಜನ್ನು ಸರಿಯಾಗಿ ಅಳೆಯಿರಿ. ಕಾರಿನಲ್ಲೇ ಒಂದು ಚಿಕ್ಕ ಪುಸ್ತಕ ಇಡಿ. ಟ್ಯಾಂಕ್ ಫುಲ್ ಮಾಡಿಸಿ, ನಳಿಕೆ ತಾನಾಗಿ ನಿಂತಾಗ ನಿಲ್ಲಿಸಿ, ಕಿಲೋಮೀಟರ್ ಬರೆದುಕೊಳ್ಳಿ. ಮುಂದಿನ ಸಲ ಮತ್ತೆ ಫುಲ್ ಮಾಡಿಸಿದಾಗ ಎಷ್ಟು ಲೀಟರ್ ಹಿಡಿಯಿತೋ, ನಡುವೆ ಓಡಿದ ದೂರಕ್ಕೆ ಖರ್ಚಾದದ್ದು ಅಷ್ಟು. ಒಂದು ಸಲದ ಅಂಕಿಯನ್ನು ನಂಬಬೇಡಿ, ನಳಿಕೆ ಪ್ರತಿ ಸಲ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ನಾಲ್ಕೈದು ಟ್ಯಾಂಕ್ ಸೇರಿಸಿ ಭಾಗಿಸಿ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜು ಎಷ್ಟೋ ಕಾರುಗಳಲ್ಲಿ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಇದನ್ನು ‘ಲೀಟರ್‌ಗೆ ಇಷ್ಟು ಕಿಲೋಮೀಟರ್’ ಎಂದು ಬರೆಯಬೇಡಿ. ‘ನೂರು ಕಿಲೋಮೀಟರ್‌ಗೆ ಇಷ್ಟು ಲೀಟರ್’ ಎಂದು ಬರೆಯಿರಿ. ಯುರೋಪಿನಲ್ಲಿ ಹೀಗೇ ಬರೆಯುತ್ತಾರೆ, ಅದಕ್ಕೆ ಒಳ್ಳೆಯ ಕಾರಣವಿದೆ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುತ್ತೀರಿ ಅಂತಿಟ್ಟುಕೊಳ್ಳಿ. ಲೀಟರ್‌ಗೆ 20 ಕೊಡುವ ಕಾರು ಬಿಟ್ಟು 25 ಕೊಡುವ ಕಾರಿಗೆ ಬದಲಾದರೆ 500 ಲೀಟರ್ ಇದ್ದದ್ದು 400 ಆಗುತ್ತದೆ. 10ರ ಕಾರು ಬಿಟ್ಟು 12.5ರ ಕಾರಿಗೆ ಬಂದರೆ 1,000 ಇದ್ದದ್ದು 800. ಐದು ಏರಿದ್ದು ದೊಡ್ಡದಾಗಿ ಕಾಣುತ್ತದೆ, ಆದರೆ ಉಳಿತಾಯ ಇಮ್ಮಡಿಯಾಗಿದ್ದು ಎರಡೂವರೆ ಏರಿದ ಕಡೆ. 2008ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸಾಲ್ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ. ಮನೆಯಲ್ಲಿ ಎರಡು ಕಾರಿದ್ದರೆ, ಮೊದಲು ಬದಲಾಯಿಸಬೇಕಾದ್ದು ಜಾಸ್ತಿ ಕುಡಿಯುವ ಕಾರನ್ನು.

ಈಗ ಉಳಿದ ಖರ್ಚುಗಳಿಗೆ ಬನ್ನಿ. ಇಲ್ಲಿ ಅವಸರ ಬೇಡ.

ಎಲ್ಲಕ್ಕಿಂತ ದೊಡ್ಡದು ಬೆಲೆ ಇಳಿತ. ಇದಕ್ಕೆ ರಸೀದಿ ಬರುವುದಿಲ್ಲ, ಅದಕ್ಕೇ ಯಾರೂ ಬರೆಯುವುದಿಲ್ಲ. ಹೊಸ ಕಾರು ಮೊದಲ ವರ್ಷವೇ ತನ್ನ ಬೆಲೆಯ ಐದರಲ್ಲೊಂದು ಪಾಲಿನ ಹತ್ತಿರ ಕಳೆದುಕೊಳ್ಳುವುದು ಸಾಮಾನ್ಯ. ಲೆಕ್ಕ ಸುಲಭ: ಕೊಂಡ ಬೆಲೆಯಲ್ಲಿ ಮಾರುವ ಬೆಲೆ ಕಳೆಯಿರಿ, ಇಟ್ಟುಕೊಂಡ ವರ್ಷಗಳಿಂದ ಭಾಗಿಸಿ. ಮಾರುವ ಯೋಚನೆ ಇಲ್ಲದಿದ್ದರೂ ಇವತ್ತು ಮಾರಿದರೆ ಎಷ್ಟು ಬರುತ್ತದೆ ಎಂದು ವರ್ಷಕ್ಕೊಮ್ಮೆ ವಿಚಾರಿಸಿ ಬರೆದಿಡಿ.

ಎರಡನೆಯದು ಬಡ್ಡಿ. ಸಾಲ ಮಾಡಿದ್ದರೆ ಕಟ್ಟಿದ ಬಡ್ಡಿ ಇದ್ದೇ ಇದೆ. ಕೈಯಿಂದ ಹಣ ಕೊಟ್ಟಿದ್ದರೂ ಆ ಹಣ ಬೇರೆ ಕಡೆ ದುಡಿಯುತ್ತಿತ್ತು, ಅಲ್ವಾ? ಅದನ್ನೂ ಬರೆಯಿರಿ. ‘ನಾನು ಸಾಲವೇ ಮಾಡಿಲ್ಲ, ನನಗೆ ಬಡ್ಡಿ ಇಲ್ಲ’ ಎನ್ನುವವರ ಜೊತೆ ನಾನು ಎಷ್ಟೋ ಸಲ ವಾದ ಮಾಡಿದ್ದೇನೆ. ಇದನ್ನು ಬಿಟ್ಟು ಬರೆದ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಆಮೇಲೆ ಇನ್ಶೂರೆನ್ಸ್, ತೆರಿಗೆ, ಸರ್ವಿಸ್, ಪಾರ್ಕಿಂಗ್, ಟೋಲ್. ಟೈರು ಮತ್ತು ಬ್ಯಾಟರಿಯನ್ನು ಹಾಕಿಸಿದ ವರ್ಷದ ತಲೆಗೆ ಪೂರ್ತಿ ಕಟ್ಟಬೇಡಿ. ಟೈರು 45,000 ಕಿಲೋಮೀಟರ್ ಬಾಳುವುದಾದರೆ ಈ ವರ್ಷ ಓಡಿದಷ್ಟಕ್ಕೆ ಮಾತ್ರ ಪಾಲು ಹಾಕಿ.

ಒಂದು ಮಾದರಿ ಲೆಕ್ಕ ನೋಡೋಣ. 9,000 ಲೀಟರ್ ಬೆಲೆಯ ಕಾರು. ಎಂಟು ವರ್ಷ ಇಟ್ಟುಕೊಂಡು 2,600 ಲೀಟರ್‌ಗೆ ಮಾರಿದರೆ ಬೆಲೆ ಇಳಿತ ವರ್ಷಕ್ಕೆ 800. ಆ ಎಂಟು ವರ್ಷದಲ್ಲಿ ಕಾರಿನಲ್ಲಿ ಸಿಕ್ಕಿಕೊಂಡ ಹಣ ಸರಾಸರಿ 5,800 ಲೀಟರ್. ನೂರಕ್ಕೆ 6ರ ಬಡ್ಡಿಯಲ್ಲಿ ಸುಮಾರು 350. ಇನ್ಶೂರೆನ್ಸ್ ಮತ್ತು ತೆರಿಗೆ 220. ಸರ್ವಿಸ್ ಮತ್ತು ರಿಪೇರಿ 160. ಟೈರು, ಬ್ಯಾಟರಿ ಸೇರಿ 100. ಪಾರ್ಕಿಂಗ್, ಟೋಲ್ 100. ಲೀಟರ್‌ಗೆ 15 ಕಿಲೋಮೀಟರ್ ಕೊಟ್ಟು ವರ್ಷಕ್ಕೆ 10,000 ಓಡಿದರೆ ಟ್ಯಾಂಕಿಗೆ ಹೋದದ್ದು 667. ಒಟ್ಟು ಸುಮಾರು 2,400 ಲೀಟರ್. ಕಿಲೋಮೀಟರ್‌ಗೆ ಹೆಚ್ಚುಕಡಿಮೆ ಕಾಲು ಲೀಟರ್. ಅದರಲ್ಲಿ ನಿಜವಾಗಿ ಉರಿದದ್ದು ಕಾಲು ಭಾಗಕ್ಕಿಂತ ತುಸು ಜಾಸ್ತಿ, ಅಷ್ಟೇ.

ಹಾಗಾದರೆ ದರ ನೂರಕ್ಕೆ ಹತ್ತು ಏರಿದರೆ ಈ ಕಾರಿನ ಒಟ್ಟು ಖರ್ಚು ಏರುವುದು ನೂರಕ್ಕೆ ಮೂರೂ ಇಲ್ಲ. ನಿಮ್ಮ ಅಂಕಿಗಳು ಬೇರೆ ಇರುತ್ತವೆ. ಹಳೆಯ ಕಾರಿನಲ್ಲಿ ಇಂಧನದ ಪಾಲು ದೊಡ್ಡದು, ಹೊಸದರಲ್ಲಿ ಚಿಕ್ಕದು.

ಇಲ್ಲಿಂದ ಎರಡು ಅಂಕಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಕಾರು ಇರಬೇಕೋ ಬೇಡವೋ ಎಂದು ಯೋಚಿಸುವಾಗ ಮೇಲಿನ ಒಟ್ಟು ಖರ್ಚು ಬೇಕು. ಇವತ್ತು ಕಾರು ತೆಗೆಯಲೋ ಬೇಡವೋ ಎಂದರೆ, ಈ ಪ್ರಯಾಣದಿಂದ ಹೊಸದಾಗಿ ಏನು ಖರ್ಚಾಗುತ್ತದೆ ಎಂಬುದಷ್ಟೇ ಬೇಕು: ಇಂಧನ, ಟೈರು, ಸರ್ವಿಸ್‌ನ ಪಾಲು. ಮಾದರಿ ಕಾರಿನಲ್ಲಿ ಅದು ನೂರು ಕಿಲೋಮೀಟರ್‌ಗೆ 9 ಲೀಟರ್ ಆಸುಪಾಸು. ಇನ್ಶೂರೆನ್ಸ್ ನೀವು ಮನೆಯಲ್ಲಿ ಕೂತರೂ ಹೋಗಿಯೇ ಹೋಗಿದೆ. ಇವೆರಡನ್ನು ಕಲಸಿಬಿಟ್ಟರೆ ತಪ್ಪು ತೀರ್ಮಾನ ಖಂಡಿತ.

ಕಡಿಮೆ ದರದ ಬಂಕ್ ಹುಡುಕಿ ಹೋಗುವವರು ಈ ಎರಡನೇ ಅಂಕಿಯನ್ನು ಬಳಸಬೇಕು. ಹೋಗಿ ಬರಲು 8 ಕಿಲೋಮೀಟರ್ ಸುತ್ತು ಅಂದರೆ ಮುಕ್ಕಾಲು ಲೀಟರ್‌ನ ಹತ್ತಿರ ಹೋಯಿತು. 40 ಲೀಟರ್ ಹಾಕಿಸುವುದಾದರೆ ದರ ನೂರಕ್ಕೆ ಎರಡರಷ್ಟಾದರೂ ಕಡಿಮೆ ಇರಬೇಕು. ಇಲ್ಲದಿದ್ದರೆ ನಷ್ಟ. ದಾರಿಯಲ್ಲೇ ಸಿಕ್ಕರೆ ಮಾತ್ರ ಹಾಕಿಸಿ.

ದರ ಏರಿತೆಂದು ಕಾರನ್ನೇ ಬದಲಿಸುವ ಮಾತು ಬಂದಾಗ ಒಟ್ಟು ಖರ್ಚು ನೋಡಬೇಕು. ನನ್ನ ತಮ್ಮ ಹೀಗೇ ಬಂದಿದ್ದ. ‘ಅಕ್ಕಾ, ಈ ಹಳೆಯದು 12 ಕೊಡುತ್ತೆ, ಹೊಸದು 18 ಕೊಡುತ್ತಂತೆ. ಪೆಟ್ರೋಲ್ ಉಳಿತಾಯದಲ್ಲೇ ಕಂತು ಕಟ್ಟಬಹುದು’ ಎಂದ. ಅವನು ವರ್ಷಕ್ಕೆ ಓಡಿಸುವುದು 9,000 ಕಿಲೋಮೀಟರ್. 750 ಲೀಟರ್ ಇದ್ದದ್ದು 500 ಆಗುತ್ತದೆ, ಉಳಿಯುವುದು 250. 9,000 ಲೀಟರ್ ಬೆಲೆಯ ಹೊಸ ಕಾರು ಮೊದಲ ವರ್ಷ ಬೆಲೆ ಇಳಿತದಲ್ಲೇ ಅದರ ಸುಮಾರು ಏಳು ಪಟ್ಟು ನುಂಗುತ್ತದೆ. ಪುಸ್ತಕ ನೋಡಿ ಅವನೇ ಸುಮ್ಮನಾದ. ವರ್ಷಕ್ಕೆ 30,000 ಓಡಿಸುವವರಿಗೆ ಉಳಿತಾಯ 830 ದಾಟುತ್ತದೆ. ಅವರು ಕೂತು ಯೋಚಿಸುವುದರಲ್ಲಿ ಅರ್ಥವಿದೆ. ಬ್ರೇಕು, ಏರ್‌ಬ್ಯಾಗಿನಂಥ ಸುರಕ್ಷತೆಗಾಗಿ ಬದಲಿಸುವುದು ಬೇರೆ ಮಾತು, ಅದನ್ನು ಲೀಟರ್‌ನಲ್ಲಿ ಅಳೆಯಬೇಡಿ.

ಕಚ್ಚಾ ತೈಲ ಅಗ್ಗವಾದ ಸುದ್ದಿ ಕೇಳಿ ಬಂಕಿನ ದರವೂ ಅಷ್ಟೇ ಇಳಿಯುತ್ತದೆ ಎಂದು ಕಾಯಬೇಡಿ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಮುಂಗಡ ವ್ಯಾಪಾರದಲ್ಲಿ ಬ್ಯಾರೆಲ್ ದರ ಸೊನ್ನೆಗಿಂತಲೂ ಕೆಳಗೆ, ಮೈನಸ್ 37 ಡಾಲರ್‌ಗೆ ಬಿದ್ದಿತ್ತು. ತುಂಬಿಡಲು ಜಾಗವಿರಲಿಲ್ಲ. ಆದರೂ ಯಾವ ಬಂಕಿನಲ್ಲೂ ಪೆಟ್ರೋಲ್ ಪುಕ್ಕಟೆ ಸಿಗಲಿಲ್ಲ. ಶುದ್ಧೀಕರಣ, ಸಾಗಣೆ, ಮಾರುವವರ ಪಾಲು, ತೆರಿಗೆ ಎಲ್ಲ ಆ ಲೀಟರ್‌ನೊಳಗೆ ಇರುತ್ತವೆ.

ಓಡಿಸುವಾಗ ಉಳಿಸುವ ದಾರಿಗಳು ನಿಮಗೆ ಗೊತ್ತಿರುವವೇ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ಹೆದ್ದಾರಿಯಲ್ಲಿ ಸ್ವಲ್ಪ ನಿಧಾನ. ಟೈರಿನ ಗಾಳಿಯನ್ನು ತಣ್ಣಗಿದ್ದಾಗ ನೋಡಿಸಿ. ಖಾಲಿ ಕ್ಯಾರಿಯರ್ ಇಳಿಸಿಡಿ. ಎಂಜಿನ್ ತಣ್ಣಗಿದ್ದಾಗ ಜಾಸ್ತಿ ಕುಡಿಯುತ್ತದೆ, ಆದ್ದರಿಂದ ಮೂರು ಚಿಕ್ಕ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿ.

ಇದಕ್ಕಿಂತ ದೊಡ್ಡ ಉಳಿತಾಯ ಇರುವುದು ಎರಡನೇ ಕಾರಿನಲ್ಲಿ. ಅದೇ ಮಾದರಿ ಕಾರು ವರ್ಷಕ್ಕೆ 3,000 ಕಿಲೋಮೀಟರ್ ಮಾತ್ರ ಓಡಿದರೆ ಇಂಧನ 200 ಲೀಟರ್‌ಗೆ ಇಳಿಯುತ್ತದೆ. ಇನ್ಶೂರೆನ್ಸ್, ಬಡ್ಡಿ ಹಾಗೇ ಇರುತ್ತವೆ, ಬೆಲೆ ಇಳಿತವೂ ಹೆಚ್ಚು ಕಡಿಮೆಯಾಗುವುದಿಲ್ಲ. ಆಗ ಕಿಲೋಮೀಟರ್‌ಗೆ ಬೀಳುವುದು ಅರ್ಧ ಲೀಟರ್‌ಗಿಂತಲೂ ಜಾಸ್ತಿ. ನಿಮ್ಮ ಮನೆಯಲ್ಲೂ ಅಂಥ ಕಾರಿದ್ದರೆ ಪುಸ್ತಕದಲ್ಲಿ ಅದಕ್ಕೆ ಬೇರೆ ಪುಟ ಮಾಡಿ. ಅಷ್ಟೇ ದೂರಕ್ಕೆ ಟ್ಯಾಕ್ಸಿಯೋ ಬಸ್ಸೋ ಎಷ್ಟಾಗುತ್ತದೆ ಎಂದು ವಿಚಾರಿಸಿ, ಅದನ್ನೂ ಲೀಟರ್‌ಗೆ ಇಳಿಸಿ ಪಕ್ಕದಲ್ಲೇ ಬರೆಯಿರಿ. ಮುಂದಿನ ಇನ್ಶೂರೆನ್ಸ್ ಕಟ್ಟುವ ಮುಂಚೆ ಮನೆಯವರೆಲ್ಲ ಕೂತು ಆ ಪುಟ ನೋಡಿ.