ಹಂದಿ ರೂಪಾಯಿ ಮತ್ತು ಒಂದು ಲೋಟ ನೀರು

ಎರಡೂವರೆ ಸಾವಿರ ಕೊಟ್ಟು ಹಿತ್ತಾಳೆ ಬಿಲ್ಲೆ ಮನೆಗೆ ತಂದವನು ನಾನು. ಅದಕ್ಕೇ ಹಳೇ ಬೆಳ್ಳಿ ರೂಪಾಯಿ ಅಸಲಿಯೋ ನಕಲಿಯೋ ಅಂತ ಪರೀಕ್ಷಿಸೋ ವಿಷಯದಲ್ಲಿ ಎರಡು ಮಾತು ಹೇಳೋ ಧೈರ್ಯ ಬಂದಿದೆ.

ನಮ್ಮೂರ ಜಾತ್ರೆಯಲ್ಲಿ ಹಳೇ ನಾಣ್ಯ ಹರಡಿಕೊಂಡು ಕೂತಿದ್ದವನೊಬ್ಬ ಐದನೇ ಜಾರ್ಜ್ ರಾಜನ ಬೆಳ್ಳಿ ರೂಪಾಯಿ ಕೈಗಿಟ್ಟ. ಇಸವಿ 1911. "ಹಂದಿ ರೂಪಾಯಿ ಸಾರ್, ಈಗೆಲ್ಲಿ ಸಿಗುತ್ತೆ?" ಅಂದ. ಆ ಕತೆ ನನಗೂ ಗೊತ್ತಿತ್ತು. ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. 1911ರ ಅಚ್ಚಿನಲ್ಲಿ ಅದರ ಸೊಂಡಿಲು ಮೊಟಕಾಗಿ, ಆನೆ ಹೋಗಿ ಹಂದಿ ಥರ ಕಂಡಿತು. ಜನ ತಿರುಗಿಬಿದ್ದರು. 1912ರಲ್ಲಿ ಸೊಂಡಿಲು ಉದ್ದ ಮಾಡಿ ಹೊಸ ಅಚ್ಚು ತಂದರು.

ಅವನು ಜೇಬಿನಿಂದ ಮ್ಯಾಗ್ನೆಟ್ ತೆಗೆದು ನಾಣ್ಯಕ್ಕೆ ಹಿಡಿದ. "ನೋಡಿ, ಅಂಟಲ್ಲ. ಅಸಲಿ ಬೆಳ್ಳಿ." ನಾನು ದುಡ್ಡು ಎಣಿಸಿಕೊಟ್ಟೆ. ಒಂಬತ್ತನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡೋ ಮೇಷ್ಟ್ರು ನಾನು. ಹಿತ್ತಾಳೆಗೂ ತಾಮ್ರಕ್ಕೂ ಮ್ಯಾಗ್ನೆಟ್ ಅಂಟಲ್ಲ ಅನ್ನೋದು ಆ ಹೊತ್ತಿಗೆ ಹೊಳೀಲೇ ಇಲ್ಲ ನೋಡಿ. ಬೆಳ್ಳಿ ಅಂತ ಕೊಟ್ಟ ನಾಣ್ಯಕ್ಕೆ ಮ್ಯಾಗ್ನೆಟ್ ಅಂಟಿದರೆ ಅದು ನಕಲಿ, ಅಷ್ಟು ಖಂಡಿತ. ಅಂಟದಿದ್ದರೆ ಏನೂ ಗೊತ್ತಾದ ಹಾಗಲ್ಲ.

ಮನೇಲಿ ಅಮ್ಮನ ಹತ್ತಿರ ಅಜ್ಜಿ ಕಾಲದ ಮೂರು ರೂಪಾಯಿ ಇವೆ. 1917ರದ್ದು, 1919ರದ್ದು, 1942ರದ್ದು. ವರಮಹಾಲಕ್ಷ್ಮಿ ಹಬ್ಬಕ್ಕೆ ಮಾತ್ರ ಹೊರಗೆ ಬರುತ್ತವೆ. ಹೊಸದನ್ನು ಅವುಗಳ ಪಕ್ಕ ಇಟ್ಟೆ. ಅಗಲ ಒಂದೇ. ಆದರೆ ಟೇಬಲ್ ಮೇಲೆ ಕಣ್ಣು ತಗ್ಗಿಸಿ ನೋಡಿದರೆ ನನ್ನದು ಸ್ವಲ್ಪ ದಪ್ಪ. ಆಗಲೇ ಹೊಟ್ಟೆಯೊಳಗೆ ಏನೋ ಕಸಿವಿಸಿ ಶುರುವಾಯ್ತು.

ಸಂಜೆ ಪರಿಚಯದ ಆಚಾರ್ರ ಅಂಗಡಿಗೆ ಹೋದೆ. ಅವರು ಅದನ್ನು ನೋಡಲೂ ಇಲ್ಲ. ಬೆರಳ ತುದಿಯ ಮೇಲೆ ಕೂರಿಸಿ ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿದರು. ಟಕ್ ಅಂತು. ಆಮೇಲೆ ನಮ್ಮ 1917ರದ್ದನ್ನು ತಟ್ಟಿದರು. ಟಿಣ್ಣ್ ಅಂತ ಎಳೆದುಕೊಂಡು ಹೋಯ್ತು.

"ಎಷ್ಟು ಕೊಟ್ರಿ ಮೇಷ್ಟ್ರೇ?"

ಹೇಳಿದೆ. ಅವರು ನಗಲಿಲ್ಲ, ಅದೇ ದೊಡ್ಡದು. ಒರೆಗಲ್ಲಿಗೆ ಜೋರಾಗಿ ಉಜ್ಜಿ ಆಸಿಡ್ ಬಿಟ್ಟರು. ಗೆರೆ ಹಸಿರಾಯ್ತು. ಮೇಲೆ ಬೆಳ್ಳಿ ನೀರು, ಒಳಗೆ ಹಿತ್ತಾಳೆ.

ಆದರೆ ಒಳ್ಳೇ ನಾಣ್ಯವನ್ನು ಒರೆಗಲ್ಲಿಗೆ ಉಜ್ಜೋಕಾಗುತ್ತಾ? ಗೀರು ಬಿದ್ದರೆ ಬೆಲೆ ಹೋಯ್ತು. ಶಬ್ದವನ್ನೂ ಪೂರ್ತಿ ನಂಬೋ ಹಾಗಿಲ್ಲ. ಸರಕ್ಕೆ ಪೋಣಿಸೋಕೆ ಕೊಂಡಿ ಬೆಸೆದು ಆಮೇಲೆ ಕಿತ್ತ ನಾಣ್ಯ, ಕೂದಲೆಳೆ ಸೀಳು ಬಿಟ್ಟ ನಾಣ್ಯ, ಅಸಲಿಯಾದರೂ ಟಕ್ ಅನ್ನುತ್ತವೆ. ಲಂಬಾಣಿ ಹೆಂಗಸರ ಹಳೇ ಸರದಿಂದ ಬಂದ ಎಷ್ಟೋ ರೂಪಾಯಿಗಳ ನೆತ್ತಿಯ ಮೇಲೆ ಬೆಸುಗೆ ಗುರುತು ಇರುತ್ತದೆ.

ಹಾಗಾಗಿ ನಾನು ಮಕ್ಕಳಿಗೆ ವರ್ಷಾ ವರ್ಷ ಹೇಳೋ ಆರ್ಕಿಮಿಡೀಸ್ ಪಾಠಕ್ಕೇ ಬಂದೆ. ಒಡವೆ ತೂಗೋ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದೆ. 0.01 ಗ್ರಾಂ ತೋರಿಸುವಂಥದ್ದು. ಮೊದಲು ನಾಣ್ಯವನ್ನು ಹಾಗೇ ತೂಗಬೇಕು. ಬ್ರಿಟಿಷರ ಕಾಲದ ರೂಪಾಯಿ 11.66 ಗ್ರಾಂ, ಸರಿಯಾಗಿ ಒಂದು ತೊಲ. ಅಜ್ಜಿ 'ಎರಡು ರೂಪಾಯಿ ತೂಕ ಏಲಕ್ಕಿ' ಅಂತಿದ್ದದ್ದು ಇದೇ ಲೆಕ್ಕ. ಓಡಾಡಿ ಸವೆದದ್ದು ಒಂದಿಷ್ಟು ಕಮ್ಮಿ ಬರುತ್ತದೆ, ಜಾಸ್ತಿ ಬಂದರೆ ಅನುಮಾನ ಪಡಿ.

ಆಮೇಲೆ ತಕ್ಕಡಿ ಮೇಲೆ ಮುಕ್ಕಾಲು ಲೋಟ ನೀರಿಟ್ಟು ಸೊನ್ನೆ ಮಾಡಿದೆ. ನಾಣ್ಯಕ್ಕೆ ಹೊಲಿಗೆ ದಾರ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿದೆ. ತಳ ಮುಟ್ಟಬಾರದು, ಲೋಟದ ಗೋಡೆ ತಾಗಬಾರದು. ಕೈ ನಡುಗುತ್ತೆ, ಮೊಣಕೈ ಟೇಬಲ್‌ಗೆ ಊರಿಕೊಳ್ಳಿ. ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ಕೆಡುತ್ತದೆ, ನೀರಿಗೆ ಒಂದು ಹನಿ ಸೋಪು ಬಿಟ್ಟರೆ ಸರಿಹೋಗುತ್ತದೆ. ಈಗ ತಕ್ಕಡಿ ತೋರಿಸೋದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ.

1917ರದ್ದು: 11.58 ಗ್ರಾಂ, ನೀರಲ್ಲಿ 1.12. ಭಾಗಿಸಿದರೆ 10.3. ಆ ರೂಪಾಯಿಯಲ್ಲಿ ಶೇಕಡಾ 91.7 ಬೆಳ್ಳಿ, ಮಿಕ್ಕಿದ್ದು ತಾಮ್ರ. ಹಾಗಾಗಿ 10.3 ಬರಲೇಬೇಕು. ಜಾತ್ರೆಯದ್ದು: 11.61 ಗ್ರಾಂ, ನೀರಲ್ಲಿ 1.36. ಅಂದರೆ 8.5. ಹಿತ್ತಾಳೆ! ತೂಕ ಮಾತ್ರ ಎಷ್ಟು ಚೆನ್ನಾಗಿ ಹೊಂದಿಸಿದ್ದಾರೆ ನೋಡಿ. ಹಗುರ ಲೋಹದಲ್ಲಿ ಆ ತೂಕ ತರಬೇಕಾದರೆ ದಪ್ಪ ಮಾಡಲೇಬೇಕು, ಸಿಕ್ಕಿಬಿದ್ದದ್ದೂ ಅಲ್ಲೇ.

ಗೆದ್ದ ಖುಷಿಯಲ್ಲಿ 1942ರದ್ದನ್ನೂ ಮುಳುಗಿಸಿದೆ. 9.5 ಬಂತು. ಮೂರು ಸಲ ಮಾಡಿದರೂ ಅಷ್ಟೇ. ಅಜ್ಜಿಗೂ ಯಾರೋ ಟೋಪಿ ಹಾಕಿದ್ದರಾ? ಅಮ್ಮನಿಗೆ ಹೇಳೋಕೆ ಬಾಯಿ ಬರಲಿಲ್ಲ. ಆಮೇಲೆ ಅಂಚನ್ನು ಲೆನ್ಸ್‌ನಲ್ಲಿ ನೋಡಿದೆ. ಗೀರುಗಳ ನಡುವೆ ಸುತ್ತಲೂ ಒಂದು ಕಾಲುವೆ, ಅದರೊಳಗೆ ಸಣ್ಣ ವಿನ್ಯಾಸ. ಆಗ ನೆನಪಾಯ್ತು. ಯುದ್ಧದ ಕಾಲದಲ್ಲಿ, 1940ರಿಂದ, ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದ್ದರು. ಉಳಿದರ್ಧ ತಾಮ್ರ, ನಿಕ್ಕಲ್, ಸತು. ನಕಲಿ ತಡೆಯೋಕೆ ಅಂತಲೇ ಆ ಅಂಚು. ತೂಕ ಮಾತ್ರ ಹಳೇದೇ. ಹಾಗಾಗಿ 9.5 ಸರಿಯಾದ ಉತ್ತರ, ತಪ್ಪಿದ್ದು ನಾನು. ಇಸವಿ ನೋಡದೆ ಲೆಕ್ಕ ಹಾಕಬಾರದು ಅಂತ ಆವತ್ತು ಕಲಿತೆ. 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್. ಮ್ಯಾಗ್ನೆಟ್ ಅಂಟಿದರೂ ಅದು ಅಸಲಿ!

ಈ ನೀರಿನ ಆಟ ಸೋಲುವ ಜಾಗವೂ ಇದೆ. ಬೆಳ್ಳಿಯಲ್ಲೇ ನಕಲಿ ಮಾಡಿದರೆ, ಅಥವಾ ಅಸಲಿ ನಾಣ್ಯದ ಇಸವಿ ತಿದ್ದಿದರೆ, ಲೋಟ ಏನು ಹೇಳೀತು? 1939ರ ರೂಪಾಯಿ ತುಂಬ ಅಪರೂಪ, ಅದಕ್ಕೇ ಅದರ ನಕಲಿಯೂ ಜಾಸ್ತಿ. ಆಗ ಲೆನ್ಸ್ ಒಂದೇ ದಾರಿ. ಅಚ್ಚೊತ್ತಿದ ನಾಣ್ಯ ಸವೆದಿದ್ದರೂ ಅಕ್ಷರದ ಬುಡ ಚೂಪಾಗಿ ನಿಲ್ಲುತ್ತದೆ. ಎರಕ ಹೊಯ್ದದ್ದರಲ್ಲಿ ಬುಡ ಕರಗಿದ ಸೋಪಿನ ಹಾಗೆ, ಅಕ್ಷರ, ಚಿತ್ರ ಇಲ್ಲದ ಖಾಲಿ ಜಾಗದಲ್ಲಿ ಸೂಜಿಮೊನೆಯಷ್ಟು ಗುಳಿಗಳು, ಅಂಚಲ್ಲಿ ಅರ ಉಜ್ಜಿದ ಗುರುತು. ನನ್ನ ಹಂದಿ ರೂಪಾಯಿಯಲ್ಲಿ ಮೂರೂ ಇದ್ದವು. ಆನೆಯೂ ಇರಲಿಲ್ಲ, ಹಂದಿಯೂ ಇರಲಿಲ್ಲ, ಒಂದು ಗಂಟು ಇತ್ತು ಅಷ್ಟೇ.

ಒಂದು ಮಾತು. ಪರೀಕ್ಷೆಗೆ ಮೊದಲು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಬೇಡಿ. ಕಪ್ಪು ಹಾಗೇ ಇರಲಿ. ನಮ್ಮಮ್ಮನಿಗೆ ಇದನ್ನು ಒಪ್ಪಿಸೋಕೆ ನನ್ನ ಕೈಲಿ ಆಗಿಲ್ಲ, ಅವರಿಗೆ ಲಕ್ಷ್ಮಿ ಹೊಳೀಲೇಬೇಕು.

ಮುಂದಿನ ವರ್ಷ ತಕ್ಕಡಿ, ದಾರ, ಲೆನ್ಸ್ ಎಲ್ಲ ಜೇಬಿಗೆ ತುಂಬಿಕೊಂಡು ಜಾತ್ರೆಗೆ ಹೋದೆ. ಅವನು ಕೂತಿದ್ದ ಜಾಗದಲ್ಲಿ ಮಂಡಕ್ಕಿ ಅಂಗಡಿ ಹಾಕಿದ್ದರು.