ದೀಪಾವಳಿಗೆ ಮನೆಯ ಹಾಡುಗಳನ್ನು ಜೋಡಿಸಿಕೊಳ್ಳುವ ಬಗೆ

ದೀಪಾವಳಿಗೆಂದು ಹಾಡುಗಳನ್ನು ಜೋಡಿಸಲು ಕುಳಿತವರು ಸಾಮಾನ್ಯವಾಗಿ ತಮಗೆ ಇಷ್ಟವಾದ ಹಾಡುಗಳಿಂದಲೇ ಆರಂಭಿಸುತ್ತಾರೆ. ನಾನೂ ಹಾಗೆ ಮಾಡಿ ಎರಡು ವರ್ಷ ಕೈಸುಟ್ಟುಕೊಂಡೆ. ಹಬ್ಬದ ಮನೆಯಲ್ಲಿ ಕೈಕಟ್ಟಿ ಕುಳಿತು ಹಾಡು ಕೇಳುವವರು ಯಾರೂ ಇರುವುದಿಲ್ಲ. ಒಬ್ಬರು ಹಂಡೆಯ ಒಲೆಗೆ ಉರಿ ಹಾಕುತ್ತಿರುತ್ತಾರೆ, ಒಬ್ಬರು ಅಂಗಳ ಸಾರಿಸಿ ರಂಗೋಲಿ ಬಿಡಿಸುತ್ತಿರುತ್ತಾರೆ, ಇನ್ನಿಬ್ಬರು ಕರ್ಚಿಕಾಯಿಯ ಅಂಚು ಮಡಚುತ್ತ ಕುಳಿತಿರುತ್ತಾರೆ. ಆದ್ದರಿಂದ ಮೊದಲು ಮನೆಯ ಕೆಲಸಗಳ ಪಟ್ಟಿಯನ್ನು ಬರೆಯಬೇಕು, ಹಾಡುಗಳ ಪಟ್ಟಿ ಆಮೇಲಿನದು. ಯಾವ ಕೆಲಸ ಎಷ್ಟು ಗಂಟೆಗೆ ಆರಂಭವಾಗಿ ಎಷ್ಟು ಹೊತ್ತು ನಡೆಯುತ್ತದೆ, ಆಗ ಕೋಣೆಯಲ್ಲಿ ಯಾರಿರುತ್ತಾರೆ, ಅವರ ಕೈ ನಿಧಾನವಾಗಿ ಆಡುತ್ತದೆಯೋ ಅವಸರದಿಂದ ಆಡುತ್ತದೆಯೋ ಎಂಬುದನ್ನು ಒಂದು ಹಾಳೆಯ ಮೇಲೆ ಗುರುತು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಹಾಳೆಯಲ್ಲಿ ನಾಲ್ಕು ಹೊತ್ತುಗಳಿವೆ. ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ನೀರು ಮತ್ತು ಆರತಿಗೆ ಸುಮಾರು ಎರಡು ಗಂಟೆ ಹಿಡಿಯುತ್ತದೆ. ಅಡುಗೆಮನೆಯ ಕರಿಯುವ ಕೆಲಸ ಮೂರು ಗಂಟೆಗಿಂತ ಕಡಿಮೆಯಲ್ಲಿ ಮುಗಿದದ್ದು ನನಗೆ ನೆನಪಿಲ್ಲ. ಅಮಾವಾಸ್ಯೆಯ ಸಂಜೆಯ ಲಕ್ಷ್ಮೀಪೂಜೆಗೆ ಮುಕ್ಕಾಲು ಗಂಟೆ ಸಾಕು. ಪಾಡ್ಯದ ದಿನ ಸಗಣಿಯ ಪಾಂಡವರನ್ನು ಹೊಸ್ತಿಲ ಬಳಿ ಇಟ್ಟ ಮೇಲೆ ನೆಂಟರು ಬಂದು ಹೋಗುವ ಹೊತ್ತಿಗೆ ಗಡಿಯೇ ಇಲ್ಲ. ನೀರು ತುಂಬುವ ಹಬ್ಬದ ಸಂಜೆಗೆ ನಾನು ಏನನ್ನೂ ಹಾಕುವುದಿಲ್ಲ. ಹಂಡೆ ಉಜ್ಜುವ ಸದ್ದಿನ ಮುಂದೆ ಯಾವ ಹಾಡೂ ನಿಲ್ಲದು. ಈ ನಾಲ್ಕು ಹೊತ್ತಿಗೆ ನಾಲ್ಕು ಬೇರೆ ಬೇರೆ ಪಟ್ಟಿಗಳನ್ನು ಮಾಡಬೇಕು. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಸುರಿದು ಮನಬಂದಂತೆ ನುಡಿಯಲು ಬಿಟ್ಟರೆ ನಸುಕಿನಲ್ಲಿ ಸಿನಿಮಾದ ಕುಣಿತವೂ ಪೂಜೆಯಲ್ಲಿ ವಿರಹದ ಹಾಡೂ ಬಂದೇ ಬರುತ್ತವೆ.

ನಸುಕಿನ ಪಟ್ಟಿಯನ್ನು ಮಾತಿಲ್ಲದ ವಾದ್ಯದಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಆಗ ಅರ್ಧ ಮನೆ ಇನ್ನೂ ಹಾಸಿಗೆಯಲ್ಲಿರುತ್ತದೆ. ನಮ್ಮ ಕಡೆ ಸನಾದಿ ಎಂದು ಕರೆಯುವ ಶಹನಾಯಿಗಿಂತ ಈ ಹೊತ್ತಿಗೆ ಒಪ್ಪುವ ವಾದ್ಯ ಮತ್ತೊಂದಿಲ್ಲ; ಸನಾದಿ ಅಪ್ಪಣ್ಣನ ಬೀಳಗಿ ನಮ್ಮ ಜಿಲ್ಲೆಯದೇ ಎಂಬ ಅಭಿಮಾನವೂ ಈ ಆಯ್ಕೆಯಲ್ಲಿ ಸ್ವಲ್ಪ ಸೇರಿದೆ ಎಂದು ಒಪ್ಪಿಕೊಳ್ಳುತ್ತೇನೆ. ಹಿಂದೂಸ್ತಾನಿ ಸಂಗೀತದಲ್ಲಿ ರಾಗಗಳಿಗೆ ಹೊತ್ತು ಗೊತ್ತುಮಾಡಿರುವುದು ಇಂಥ ಪಟ್ಟಿ ಮಾಡುವವರಿಗೆ ದೊಡ್ಡ ಅನುಕೂಲ. ಬೆಳಕು ಹರಿಯುವ ಮುನ್ನ ಲಲಿತ, ಬೆಳಕು ಮೂಡಿದ ಮೇಲೆ ಭೈರವ ಅಥವಾ ಅಹಿರ ಭೈರವ, ಮಧ್ಯಾಹ್ನಕ್ಕೆ ವೃಂದಾವನಿ ಸಾರಂಗ, ದೀಪ ಹಚ್ಚಿದ ಮೇಲೆ ಯಮನ, ಎಲ್ಲಕ್ಕೂ ಕೊನೆಗೆ ಭೈರವಿ ಎಂಬ ಕ್ರಮವನ್ನು ಹಿಡಿದುಕೊಂಡರೆ ರಾಗದ ಗುರುತೇ ಇಲ್ಲದವರ ಪಟ್ಟಿಯೂ ದಾರಿ ತಪ್ಪುವುದಿಲ್ಲ. ಹೋಳಿ ಹುಣ್ಣಿಮೆಯ ಹಲಗಿಯ ಬಡಿತ ಬಾಗಲಕೋಟೆಯವರಿಗೆ ಪ್ರಾಣ ಎಂಬುದು ನಿಜವೇ; ಆದರೆ ತಲೆಗೆ ಎಣ್ಣೆ ತಿಕ್ಕಿಸಿಕೊಂಡು ಮಣೆಯ ಮೇಲೆ ತೂಕಡಿಸುತ್ತ ಕುಳಿತವನಿಗೆ ಹಲಗಿ ಕೇಳಿಸುವುದು ಶಿಕ್ಷೆ. ಇನ್ನೊಂದು ಮಾತೆಂದರೆ, ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಹೊತ್ತು ರಾತ್ರಿಯೆಂದೇ ಲೆಕ್ಕ, ಮತ್ತು ವಸತಿ ಪ್ರದೇಶಕ್ಕೆ ಆಗ ಇರುವ ಮಿತಿ 45 ಡೆಸಿಬಲ್. ಎಣ್ಣೆ ನೀರಿನ ಹಾಡು ಈ ಹೊತ್ತಿನೊಳಗೇ ಬೀಳುವುದರಿಂದ ಸ್ಪೀಕರನ್ನು ಅಂಗಳಕ್ಕೆ ಒಯ್ಯದೆ ಪಡಸಾಲೆಯಲ್ಲೇ ಇಡಬೇಕು.

ಶಾಸ್ತ್ರೀಯ ಸಂಗೀತವನ್ನು ಸೇರಿಸುವಾಗ ಅಳತೆಯನ್ನು ನೋಡಿಕೊಳ್ಳಬೇಕು. ಕಛೇರಿಯಲ್ಲಿ ಒಂದು ರಾಗವನ್ನು ಬೆಳೆಸುತ್ತ ಹಾಡುವ ಖಯಾಲು ಮುಕ್ಕಾಲು ಗಂಟೆಯವರೆಗೂ ನಡೆಯಬಹುದು. ಅಷ್ಟರಲ್ಲಿ ಮನೆಯವರ ಸ್ನಾನ ಮುಗಿದು, ಆರತಿಯ ಹೊತ್ತಿಗೆ ಗಾಯಕರು ಇನ್ನೂ ವಿಲಂಬಿತದ ನಿಧಾನ ಗತಿಯಲ್ಲಿಯೇ ಇರುತ್ತಾರೆ. ಇದಕ್ಕೆ ಹಳೆಯ 78 ಆರ್‌ಪಿಎಂ ಗ್ರಾಮೊಫೋನ್ ತಟ್ಟೆಗಳ ಮುದ್ರಣಗಳು ಬಹಳ ಒಳ್ಳೆಯ ಪರಿಹಾರ. ಆ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಹಿಡಿಯುತ್ತಿದ್ದುದರಿಂದ ಆ ಕಾಲದ ಗಾಯಕರು ಇಡೀ ರಾಗದ ಸತ್ವವನ್ನು ಅಷ್ಟರಲ್ಲೇ ಹಿಂಡಿ ಇಟ್ಟಿದ್ದಾರೆ. ನಮ್ಮ ಪಟ್ಟಿಯಲ್ಲಿ ಮಲ್ಲಿಕಾರ್ಜುನ ಮನಸೂರರ ವಚನಗಾಯನ, ಭೀಮಸೇನ ಜೋಶಿಯವರ ದಾಸವಾಣಿ, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ನಿರ್ಗುಣ ಭಜನೆ, ಈ ಮೂರಕ್ಕೂ ಸ್ಥಾನವಿದೆ. ಆದರೆ ಮೂವರನ್ನೂ ಬೆನ್ನುಬೆನ್ನಿಗೆ ಇಡುವುದಿಲ್ಲ. ಒಂದು ಭಾರವಾದ ಕಂಠದ ನಂತರ ಕೊಳಲನ್ನೋ ಸಂತೂರನ್ನೋ ಎರಡು ನಿಮಿಷ ಇಟ್ಟರೆ ಮುಂದಿನ ಕಂಠ ಹೊಸದಾಗಿ ಕೇಳಿಸುತ್ತದೆ.

ಅಡುಗೆಮನೆಯ ಪಟ್ಟಿ ಎಲ್ಲಕ್ಕಿಂತ ಕಠಿಣವಾದದ್ದು, ಮತ್ತು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಅಲ್ಲಿ ಎಣ್ಣೆ ಚುಂಯ್‌ಗುಟ್ಟುತ್ತದೆ, ಮಿಕ್ಸರ್ ತಿರುಗುತ್ತದೆ, ಹೊಗೆ ಎಳೆಯುವ ಫ್ಯಾನು ಒಂದೇ ಸಮನೆ ಗುಂಯ್‌ಗುಡುತ್ತದೆ. ಈ ಗದ್ದಲದಲ್ಲಿ ತಂಬೂರಿಯ ಶ್ರುತಿಯಾಗಲಿ ಮೆಲುದನಿಯ ಭಾವಗೀತೆಯಾಗಲಿ ಉಳಿಯುವುದಿಲ್ಲ. ಹಿಮ್ಮೇಳವುಳ್ಳ, ಪಲ್ಲವಿ ಮರಳಿ ಮರಳಿ ಬರುವ, ಗಟ್ಟಿ ದನಿಯ ಹಾಡುಗಳೇ ಬೇಕು. ಹಳ್ಳಿಯ ಭಜನಾಮೇಳಗಳ ತತ್ವಪದಗಳು, ತುಂತುಣಿ ಮತ್ತು ದಪ್ಪಿನ ಜೊತೆಗೆ ಹಾಡುವ ಗೀಗೀ ಪದಗಳು, ಸವದತ್ತಿ ಎಲ್ಲಮ್ಮನ ಚೌಡಕಿ ಪದಗಳು ಇಂಥ ಕಡೆಗಾಗಿಯೇ ಹುಟ್ಟಿದಂತಿವೆ, ಏಕೆಂದರೆ ಜಾತ್ರೆಯ ಗದ್ದಲದ ನಡುವೆ ಕೇಳಿಸಬೇಕಾದ ಹಾಡಿಗೆ ಅಡುಗೆಮನೆಯ ಗದ್ದಲ ಯಾವ ಲೆಕ್ಕ! ಶ್ರೀಕೃಷ್ಣ ಪಾರಿಜಾತವನ್ನು ಸೇರಿಸುವುದಾದರೆ ಸಂಭಾಷಣೆಯ ಭಾಗವನ್ನು ಬಿಟ್ಟು ಹಾಡಿನ ಭಾಗವನ್ನಷ್ಟೇ ತೆಗೆದುಕೊಳ್ಳಬೇಕು. ಒಮ್ಮೆ ಸತ್ಯಭಾಮೆಯ ಸಿಟ್ಟಿನ ಮಾತು ಪೂರ್ತಿ ಕೇಳಲೆಂದು ನಮ್ಮ ಅತ್ತಿಗೆ ಬಾಣಲೆಯ ಮುಂದೆ ಝಾರಿ ಹಿಡಿದು ನಿಂತುಬಿಟ್ಟಾಗ ಒಂದು ಒಬ್ಬೆ ಚಕ್ಕಲಿ ಕಪ್ಪಾಗಿ ಹೋಯಿತು.

ಹಾಡಿನ ಓಟವನ್ನು ಕೆಲಸದ ಓಟಕ್ಕೆ ಹೊಂದಿಸುವುದು ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕರ್ಚಿಕಾಯಿಯ ಹಾಳೆಯಲ್ಲಿ ಹೂರಣ ತುಂಬಿ, ಅಂಚಿಗೆ ನೀರು ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಜಡೆಯಂತೆ ಮಡಚುವವರು ತಮಗೆ ಅರಿವಿಲ್ಲದೆಯೇ ತಾಳಕ್ಕೆ ಸರಿಯಾಗಿ ಮಡಚುತ್ತಾರೆ. ಹಾಡು ಬಹಳ ತೀವ್ರವಾದರೆ ಮಡಿಕೆ ಸಡಿಲವಾಗಿ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಬಹಳ ನಿಧಾನವಾದರೆ ಹಾಳೆ ಒಣಗುತ್ತದೆ. ಆರಾಮವಾಗಿ ನಡೆಯುವವನ ಹೆಜ್ಜೆಯ ವೇಗದ ಭಜನೆಯ ಪದಗಳು ಇದಕ್ಕೆ ಸರಿಯಾಗಿ ಕೂಡುತ್ತವೆ. ಕರಿಯುವ ಸರದಿ ಬಂದಾಗ ವೇಗವನ್ನು ಹೆಚ್ಚಿಸಬಹುದು. ಇದೇ ಪಟ್ಟಿಯಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಹಾಡಿನ ಹಕ್ಕನ್ನು ಕೊಡುತ್ತೇನೆ, ಮಕ್ಕಳ ಸಿನಿಮಾ ಹಾಡಿಗೂ ಅಡ್ಡಿಯಿಲ್ಲ. ದೇವರ ನಾಮಕ್ಕೆ ಡಿಜೆ ಬಡಿತ ಸೇರಿಸಿದ ರೀಮಿಕ್ಸುಗಳಿಗೆ ಮಾತ್ರ ನಮ್ಮಲ್ಲಿ ಪ್ರವೇಶವಿಲ್ಲ. ಈ ಒಂದು ವಿಷಯದಲ್ಲಿ ನಾನು ಹಟಮಾರಿ.

ಪೂಜೆಯ ಪಟ್ಟಿಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸ್ಥಾಪನೆಯವರೆಗೆ ಯಮನದ ವಾದ್ಯ, ನಂತರ ಲಕ್ಷ್ಮಿಯನ್ನು ಮನೆಗೆ ಕರೆಯುವ ಒಂದು ದಾಸರ ಪದ, ಮಂತ್ರ ಆರಂಭವಾದ ಕೂಡಲೇ ಮೌನ. ನೆಂಟರ ಪಟ್ಟಿಯಲ್ಲಿ ಮಾತಿಗೆ ಅಡ್ಡಬರದ ವಾದ್ಯಸಂಗೀತವೇ ಮುಕ್ಕಾಲು ಪಾಲು ಇರಲಿ.

ಇನ್ನು ಹಾಡು ನುಡಿಸುವ ಸಾಧನದ ಮಾತು. ಎರಡು ವರ್ಷಗಳ ಹಿಂದೆ, ನಸುಕಿನಲ್ಲಿ, ತಂಗಿ ಆರತಿಯ ತಟ್ಟೆ ಹಿಡಿದು ನಮ್ಮಣ್ಣನ ಹಣೆಗೆ ಕುಂಕುಮ ಹಚ್ಚುತ್ತಿದ್ದಳು. ಹಾಡು ಮೊಬೈಲಿನ ಒಂದು ಉಚಿತ ಆ್ಯಪಿನಿಂದ ಬರುತ್ತಿತ್ತು. ಪದದ ಎರಡನೆಯ ನುಡಿ ಮುಗಿಯಿತು, ಅಕ್ಷತೆಗೆಂದು ಎಲ್ಲರೂ ಕೈ ಎತ್ತಿದರು, ಆಗ ಸ್ಪೀಕರಿನಿಂದ ಒಬ್ಬ ಹೆಣ್ಣುಮಗಳು ಬಹಳ ಉತ್ಸಾಹದಿಂದ ಕಡಿಮೆ ಬಡ್ಡಿಯ ಸಾಲದ ವಿಷಯ ಹೇಳತೊಡಗಿದಳು. ಆರತಿಯ ತಟ್ಟೆಗೆ ದುಡ್ಡು ಹಾಕಲು ಕಿಸೆಗೆ ಕೈಯಿಟ್ಟಿದ್ದ ಅಣ್ಣ ನಗು ತಡೆಯಲಾರದೆ ಮಣೆಯಿಂದ ಎದ್ದುಬಿಟ್ಟ. ಅಂದಿನಿಂದ ಹಬ್ಬದ ಹಾಡುಗಳೆಲ್ಲವೂ ಕಡತಗಳಾಗಿ ಕೈಯಲ್ಲಿ ಇರಬೇಕು ಎಂಬುದು ನಮ್ಮ ಮನೆಯ ನಿಯಮವಾಗಿದೆ. ದುಡ್ಡು ಕೊಟ್ಟು ಇಳಿಸಿಕೊಂಡ ಹಾಡುಗಳನ್ನು ಒಂದು ಹಳೆಯ ಮೊಬೈಲಿನಲ್ಲಿ ಹಾಕಿ, ಅದನ್ನು ಏರೋಪ್ಲೇನ್ ಮೋಡಿಗೆ ತಂದು, ಬ್ಲೂಟೂತನ್ನು ಮಾತ್ರ ಮತ್ತೆ ಚಾಲೂ ಮಾಡಿದರೆ ಜಾಹೀರಾತೂ ಬರುವುದಿಲ್ಲ, ಹಬ್ಬದ ಶುಭಾಶಯದ ಫೋನುಗಳೂ ಹಾಡನ್ನು ಕಡಿಯುವುದಿಲ್ಲ.

ಪೆನ್‌ಡ್ರೈವಿನಿಂದ ನುಡಿಸುವವರು ಎರಡು ಸಂಗತಿಗಳನ್ನು ನೆನಪಿಡಬೇಕು. ಕಡತದ ಹೆಸರಿನ ಮುಂದೆ 1, 2, 3 ಎಂದು ಬರೆದರೆ ಅನೇಕ ಯಂತ್ರಗಳು 1ರ ನಂತರ 10ನ್ನು ನುಡಿಸುತ್ತವೆ. ಆದ್ದರಿಂದ 01, 02 ಎಂದು ಎರಡಂಕಿಯಲ್ಲಿಯೇ ಬರೆಯಬೇಕು. ಅಗ್ಗದ ಸ್ಪೀಕರುಗಳಲ್ಲಿ ಹಲವು ಹೆಸರನ್ನು ನೋಡುವುದೇ ಇಲ್ಲ, ಕಡತಗಳು ಪೆನ್‌ಡ್ರೈವಿಗೆ ನಕಲಾದ ಕ್ರಮದಲ್ಲಿಯೇ ನುಡಿಸುತ್ತವೆ. ಅಂಥದ್ದಕ್ಕೆ ಪೆನ್‌ಡ್ರೈವನ್ನು ಮೊದಲು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಹಾಡುಗಳನ್ನು ಒಂದೊಂದಾಗಿ ಕ್ರಮಬದ್ಧವಾಗಿ ನಕಲು ಮಾಡಬೇಕು. ಜಾಗದ ಚಿಂತೆ ಬೇಡ: ಸೆಕೆಂಡಿಗೆ 320 ಕಿಲೋಬಿಟ್‌ನ ಎಂಪಿ3 ಕಡತಕ್ಕೆ ನಿಮಿಷಕ್ಕೆ ಸುಮಾರು 2.4 ಎಂಬಿ ಬೇಕಾಗುವುದರಿಂದ ಮೂರು ಗಂಟೆಯ ಅಡುಗೆಮನೆಯ ಪಟ್ಟಿಗೆ ಅರ್ಧ ಜಿಬಿಯೂ ಹಿಡಿಯುವುದಿಲ್ಲ.

ಬೇರೆ ಬೇರೆ ಕಾಲದ ಮುದ್ರಣಗಳನ್ನು ಒಂದೆಡೆ ತಂದಾಗ ದನಿಯ ಏರಿಳಿತ ಕಾಡುತ್ತದೆ. ಹಳೆಯ ತಟ್ಟೆಯ ಹಾಡು ಕೇಳಿಸಲೆಂದು ದನಿ ಏರಿಸಿದರೆ ಮುಂದಿನ ಸಿನಿಮಾ ಹಾಡು ಕಿವಿ ಹರಿಯುತ್ತದೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಎಲ್ಲ ಹಾಡುಗಳ ದನಿಯನ್ನು ಒಂದೇ ಮಟ್ಟಕ್ಕೆ ತರುವ ಸೌಲಭ್ಯವಿದೆ. ಅದು ಬಾರದವರು ಪ್ರತಿ ಹಾಡಿನ ನಡುವಿನ ಇಪ್ಪತ್ತು ಸೆಕೆಂಡನ್ನು ಒಂದರ ಹಿಂದೊಂದು ಕೇಳಿ, ಗಟ್ಟಿಯಾಗಿರುವುದನ್ನು ತಗ್ಗಿಸುತ್ತ ಹೋಗಬಹುದು. ಕ್ಷೀಣವಾದುದನ್ನು ಏರಿಸುವುದಕ್ಕಿಂತ ಗಟ್ಟಿಯಾದುದನ್ನು ಇಳಿಸುವುದೇ ಲೇಸು, ಏಕೆಂದರೆ ಹಳೆಯ ಮುದ್ರಣವನ್ನು ಏರಿಸಿದಾಗ ಅದರೊಳಗಿನ ಕರಕರ ಸದ್ದೂ ಜೊತೆಗೇ ಏರುತ್ತದೆ.

ಈ ಎಲ್ಲವುಗಳಿಗಿಂತ ಬೆಲೆಯುಳ್ಳ ಒಂದು ಹಾಡು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಮನೆಯ ಹಿರಿಯ ಹೆಣ್ಣುಮಕ್ಕಳ ಬಾಯಲ್ಲಿರುವ ಆರತಿ ಪದ, ಬೀಸುವ ಪದ, ಸೋಬಾನ ಪದಗಳನ್ನು ಹಬ್ಬಕ್ಕೆ ಒಂದು ತಿಂಗಳಿರುವಾಗಲೇ ಮುದ್ರಿಸಿಕೊಳ್ಳಬೇಕು. ನಮ್ಮ ಆಯಿಯ ಎದುರಿಗೆ ಮೊಬೈಲ್ ಹಿಡಿದು ಹಾಡು ಎಂದಾಗ ಅವರಿಗೆ ಒಂದು ನುಡಿಯೂ ನೆನಪಾಗಲಿಲ್ಲ. “ಹಾಡಂದ್ರ ಬರಂಗಿಲ್ಲೋ ತಮ್ಮಾ, ಕೈಗೆ ಕೆಲಸ ಕೊಡು, ಬಾಯಿ ತಾನ ಹಾಡ್ತೈತಿ” ಎಂದರು. ಅರಳೆ ಕೊಟ್ಟು ಹೂಬತ್ತಿ ಮಾಡಲು ಕೂಡಿಸಿದೆವು. ಹತ್ತನೆಯ ಬತ್ತಿಗೆ ಗುನುಗು ಆರಂಭವಾಯಿತು, ಇಪ್ಪತ್ತನೆಯದಕ್ಕೆ ಪದ ಪೂರ್ತಿ ಬಂದಿತು. ಬೀಸುಕಲ್ಲಿನಂಥ ಸದ್ದಿನ ಕೆಲಸವನ್ನು ಕೊಡದೆ ಬತ್ತಿಯಂಥ ಸದ್ದಿಲ್ಲದ ಕೆಲಸವನ್ನು ಕೊಡುವುದು ಇದರ ಗುಟ್ಟು. ಫ್ಯಾನು ಆರಿಸಬೇಕು, ಖಾಲಿ ಗೋಡೆಗಳ ಕೋಣೆಯಲ್ಲಿ ದನಿ ಮರುಕಳಿಸುವುದರಿಂದ ಎರಡು ಕೌದಿಗಳನ್ನು ಹಗ್ಗದ ಮೇಲೆ ಹಾಕಬೇಕು (ಪ್ರತಿಧ್ವನಿಯ ಚೆಂದಕ್ಕೆ ವಿಜಯಪುರದ ಗೋಲಗುಮ್ಮಟವಿದೆ, ಅದು ಮನೆಯಲ್ಲಿ ಬೇಡ), ಮೊಬೈಲನ್ನು ಕೈಯಲ್ಲಿ ಹಿಡಿಯದೆ, ಬಾಯಿಯಿಂದ ಎರಡು ಗೇಣು ದೂರದಲ್ಲಿ ಮಡಚಿದ ಬಟ್ಟೆಯ ಮೇಲೆ ಇಡಬೇಕು. ಮುದ್ರಣವನ್ನು ನಡುವೆ ನಿಲ್ಲಿಸಬಾರದು. ಅವರು ಕೆಮ್ಮಿದರೂ, ಯಾರನ್ನಾದರೂ ಬೈದರೂ ಇರಲಿ, ಬೇಡವಾದುದನ್ನು ಆಮೇಲೆ ಕತ್ತರಿಸಬಹುದು.

ಮನೆಯೊಳಗೆ ಸ್ವಂತಕ್ಕೆ ಇಂಥ ಪಟ್ಟಿಯನ್ನು ಮಾಡಿಕೊಳ್ಳುವುದಕ್ಕೆ ತೊಡಕಿಲ್ಲ, ಆದರೆ ಅದನ್ನು ಅಂತರಜಾಲಕ್ಕೆ ಏರಿಸುವುದು ಬೇರೆ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ನಂತರ 60 ವರ್ಷಗಳವರೆಗೆ ಇರುತ್ತದೆ.

ಹಬ್ಬಕ್ಕೆ ಒಂದು ವಾರವಿರುವಾಗ ನಾಲ್ಕೂ ಪಟ್ಟಿಗಳನ್ನು ಒಮ್ಮೆ ಪೂರ್ತಿಯಾಗಿ, ಮನೆಯ ಕೆಲಸ ಮಾಡುತ್ತಲೇ ಕೇಳಬೇಕು; ಯಾವ ಹಾಡಿಗೆ ಕೈ ತಾನಾಗಿ ಮುಂದೆ ಒತ್ತುವ ಗುಂಡಿಯ ಕಡೆಗೆ ಹೋಗುತ್ತದೆಯೋ ಅದನ್ನು ತೆಗೆದುಹಾಕಬೇಕು. ಹಬ್ಬದ ದಿನ ಹಾಳೆಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿ, ಯಾರಾದರೂ “ತಗಿ ಅದನ್ನ” ಎಂದರೆ ಒಂದು ಸೊನ್ನೆಯನ್ನೂ, “ಇನ್ನೊಮ್ಮೆ ಹಚ್ಚು” ಎಂದರೆ ಒಂದು ಗೆರೆಯನ್ನೂ ಹಾಕುತ್ತ ಹೋದರೆ ಮುಂದಿನ ವರ್ಷದ ಕೆಲಸ ಹಗುರವಾಗುತ್ತದೆ. ಕಳೆದ ವರ್ಷದ ಹಾಳೆಯಲ್ಲಿ ನಾನು ಅಕ್ಕರೆಯಿಂದ ಆರಿಸಿದ ಎರಡು ಖಯಾಲುಗಳ ಮುಂದೆ ಸೊನ್ನೆಗಳಿದ್ದವು, ಏಳನೆಯ ಸಾಲಿನ ಆಯಿಯ ಆರತಿ ಪದದ ಮುಂದೆ ಐದು ಗೆರೆಗಳಿದ್ದವು. ಆ ಕಡತದ ಒಂದು ಪ್ರತಿ ಈಗ ಅಣ್ಣನ ಕಂಪ್ಯೂಟರಿನಲ್ಲಿಯೂ ಇನ್ನೊಂದು ತಂಗಿಯ ಮೊಬೈಲಿನಲ್ಲಿಯೂ ಇದೆ.